ಮುತ್ತಜ್ಜಿ ಸಿಕ್ಕಿದ್ದು ಪಹಣಿಯ 12ನೇ ಕಾಲಂನಲ್ಲಿ

ನಮ್ಮಮ್ಮನ ಅಜ್ಜಿ, ಅಂದರೆ ನನ್ನ ಮುತ್ತಜ್ಜಿ, ನಾಗಮಂಗಲ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ಹೊಲ ಮಾಡಿಕೊಂಡು ಬದುಕಿದವರು. ಓದು ಬರಹ ಇರಲಿಲ್ಲ. ಇರುವುದು ಒಂದೇ ಫೋಟೋ, ಅದೂ ಯಾರದೋ ಮದುವೆಯ ಗುಂಪಿನಲ್ಲಿ ಅರ್ಧ ಮುಖ ಕಾಣುವಂಥದ್ದು. ಅವರ ಬದುಕನ್ನು ಮನೆಯವರಿಗೋಸ್ಕರ ಒಂದು ಸಣ್ಣ ಪುಸ್ತಕದ ಥರ ಬರೆದೆ. ಜೆರಾಕ್ಸ್ ಮಾಡಿಸಿ ಹಂಚಿದ ಮೇಲೆ 'ಇಷ್ಟೆಲ್ಲ ಎಲ್ಲಿ ಸಿಕ್ತು' ಅಂತ ಕೇಳುವವರು ಜಾಸ್ತಿ ಆದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಮನೆಯಲ್ಲಿ ಕೆಲವರಿಗೆ ಇಷ್ಟವಿಲ್ಲ.

ಮೊದಲು ಎಲ್ಲರೂ ಮಾಡುವ ಹಾಗೆ ಹಿರಿಯರನ್ನು ಕೇಳಿದೆ. ಬಂದ ಉತ್ತರ ಎಲ್ಲ ಕಡೆ ಒಂದೇ. 'ತುಂಬಾ ಕಷ್ಟ ಪಟ್ಟವಳು', 'ದೇವರಂಥ ಹೆಂಗಸು', 'ಯಾರಿಗೂ ಒಂದು ಮಾತು ಅಂದವಳಲ್ಲ'. ಇದನ್ನು ಇಟ್ಟುಕೊಂಡು ಏನು ಬರೆಯುವುದು? ಯಾವ ಅಜ್ಜಿಯ ಹೆಸರು ಹಾಕಿದರೂ ಸರಿಹೋಗುತ್ತದೆ. ಆಮೇಲೆ ಗುಣದ ಬಗ್ಗೆ ಕೇಳುವುದನ್ನೇ ಬಿಟ್ಟು ಕೆಲಸದ ಬಗ್ಗೆ ಕೇಳತೊಡಗಿದೆ. ಬೆಳಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು, ಬಿತ್ತನೆ ಬೀಜ ಎಲ್ಲಿಡುತ್ತಿದ್ದರು, ಹಾಲು ಕರೆದಿದ್ದು ಎಲ್ಲಿಗೆ ಹೋಗುತ್ತಿತ್ತು, ಸಂತೆಗೆ ಏನು ಹೊತ್ತುಕೊಂಡು ಹೋಗಿ ಏನು ತರುತ್ತಿದ್ದರು, ದುಡ್ಡು ಯಾವ ಡಬ್ಬಿಯಲ್ಲಿರುತ್ತಿತ್ತು. ಇಂಥ ಪ್ರಶ್ನೆಗೆ ಯಾರೂ ಹೊಗಳಿಕೆಯ ಉತ್ತರ ಕೊಡುವುದಕ್ಕೆ ಆಗುವುದಿಲ್ಲ.

ಅಮ್ಮನ ಸೋದರತ್ತೆಯೊಬ್ಬರು ಇನ್ನೂ ಇದ್ದಾರೆ, ತೊಂಬತ್ತರ ಹತ್ತಿರ. ಎದುರಿಗೆ ಕೂತು ಫೋನು ಹಿಡಿದು ಕೇಳಿದರೆ ಅವರಿಗೆ ಮಾತೇ ಬರುವುದಿಲ್ಲ. ಮುಂದೆ ಒಂದು ಮೊರ ಅವರೆಕಾಯಿ ಸುರಿದು ಸುಲಿಯಲು ಕೂತರೆ, ನಿಲ್ಲಿಸುವುದು ಕಷ್ಟ. ಫೋನು ಗೋಣಿಚೀಲದ ಮೇಲೆ ಆನ್ ಆಗಿರುತ್ತಿತ್ತು, ಅವರಿಗೂ ಗೊತ್ತಿತ್ತು. ಅಕ್ಕಡಿ ಸಾಲಿನ ವಿಷಯ ಬಂದಿದ್ದು ಹಾಗೆ.

ಖುಷ್ಕಿ ಹೊಲ ಮಾಡಿದವರಿಗೆ ಇದು ಗೊತ್ತಿರುತ್ತದೆ. ಗಂಡಸರು ಕೂರಿಗೆಯಲ್ಲಿ ರಾಗಿ ಬಿತ್ತುತ್ತಾ ಹೋದರೆ, ಹೆಂಗಸರು ಹಿಂದಿನಿಂದ ಸಡ್ಡೆ, ಅಂದರೆ ಬೀಜ ಬಿಡುವ ಕೊಳವೆ, ಹಿಡಿದು ನಡುನಡುವೆ ಬೇರೆ ಸಾಲು ಹಾಕುತ್ತಾ ಬರುತ್ತಿದ್ದರು, ಅದೇ ಅಕ್ಕಡಿ. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಬದುವಿಗೆ ಹರಳು. ರಾಗಿ ಮನೆಯ ಲೆಕ್ಕ. ಅಕ್ಕಡಿ ಮುತ್ತಜ್ಜಿಯ ಲೆಕ್ಕ. ಅವರೆ, ತೊಗರಿ ಬೀಜಕ್ಕೆ ಕೆಮ್ಮಣ್ಣು ಕಲಸಿ ಹಚ್ಚಿ ಬಿಸಿಲಿಗೆ ಒಣಗಿಸಿ ಗುಡಾಣಕ್ಕೆ ತುಂಬುತ್ತಿದ್ದರಂತೆ, ಮೇಲೆ ಒಂದು ಪದರ ಬೂದಿ. ಆ ಗುಡಾಣಕ್ಕೆ ಸೊಸೆಯಂದಿರು ಕೈ ಹಾಕುವ ಹಾಗಿರಲಿಲ್ಲ. 'ನಮ್ಮತ್ತೆಗೆ ರಾಗಿ ಹಗೇವು ಯಾರು ತೆಗೆದರೂ ಚಿಂತೆ ಇಲ್ಲ, ಬೀಜದ ಮಡಕೆ ಮುಟ್ಟಿದರೆ ಮಾತ್ರ ಮೂರು ದಿನ ಮಾತಿಲ್ಲ' ಅಂದರು ಅತ್ತೆಯ ನಾದಿನಿ, ಮುತ್ತಜ್ಜಿಯ ಸೊಸೆ. ಯಾರಿಗೂ ಒಂದು ಮಾತು ಅಂದವಳಲ್ಲ ಅಂತ ಹೇಳಿದ್ದರಲ್ವಾ, ಅದು ಹೀಗೆ ನಿಜ!

ಮದುವೆಯ ವರ್ಷ ಯಾರಿಗೂ ಗೊತ್ತಿರಲಿಲ್ಲ. ಅದು ಸಿಕ್ಕಿದ್ದು ಒಂದು ತಾಮ್ರದ ಹಂಡೆಯಲ್ಲಿ. ಮಾವನ ಮನೆಯ ಅಟ್ಟದ ಮೇಲೆ ಮಸಿ ಹಿಡಿದು ಕೂತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ ಕಾಣಿಸಿದವು: ಧಾತು ಸಂವತ್ಸರ, ವೈಶಾಖ, ಕೊಟ್ಟವರ ಹೆಸರು, ಅವರ ಊರು. ಧಾತು ಅಂದ ತಕ್ಷಣ ಹಳಬರಿಗೆ ನೆನಪಾಗುವುದು 1876ರ ದೊಡ್ಡ ಬರ. ಅರವತ್ತು ವರ್ಷ ಕೂಡಿದರೆ 1936. ಮುತ್ತಜ್ಜಿಯ ಕಾಲಕ್ಕೆ ಹೊಂದುವುದು ಅದೇ. ಹಾಗಾಗಿ ಮದುವೆ 1936ರ ಏಪ್ರಿಲ್ ಕೊನೆ ಅಥವಾ ಮೇ ತಿಂಗಳು. ಆಗಿನ್ನೂ ಮಂಡ್ಯ ಜಿಲ್ಲೆಯೇ ಇರಲಿಲ್ಲ. ಅದು ಮೈಸೂರಿನಿಂದ ಬೇರೆಯಾಗಿದ್ದು 1939ರಲ್ಲಿ. ಕೊಟ್ಟವರು ಯಾರು ಅಂದರೆ ಮುತ್ತಜ್ಜಿಯ ಅಣ್ಣ. ಅಲ್ಲಿಗೆ ತವರಿನ ಊರೂ ಸಿಕ್ಕಿತು. ನಿಮ್ಮ ಮನೆಯ ಹಳೆ ಪಾತ್ರೆಗಳನ್ನು ಗುಜರಿಗೆ ಹಾಕುವ ಮುಂಚೆ ಒಮ್ಮೆ ತಿಕ್ಕಿ ನೋಡಿ ಅಂತ ಹೇಳುವುದು ಇದಕ್ಕೇ.

ಇನ್ನು ಕಾಗದ ಪತ್ರ. ಇಲ್ಲಿ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮನೆಯ ಹೆಣ್ಣುಮಗಳು ಹಳೆ ಪಹಣಿ ಕೇಳಿಕೊಂಡು ಬಂದರೆ ನೆಂಟರಿಗೆ ಬರುವ ಮೊದಲ ಯೋಚನೆ 'ಪಾಲು ಕೇಳೋಕೆ ಬಂದಳು' ಅಂತಲೇ. ತಪ್ಪೇನಿಲ್ಲ, ಕರ್ನಾಟಕದಲ್ಲಿ 1994ರಿಂದ, ಇಡೀ ದೇಶದಲ್ಲಿ 2005ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲಿದೆ, ಭಯ ಇರುವುದು ಸಹಜ. ನಾನು ಮಾವಂದಿರ ಮನೆಗೆ ಹೋಗಿ ಮೊದಲೇ ವಿಷಯ ಹೇಳಿ, ತೆಗೆಸಿದ ಪ್ರತಿ ನಕಲನ್ನೂ ಅವರಿಗೂ ಒಂದು ಕೊಟ್ಟೆ. ವಂಶವೃಕ್ಷ ಮಾಡಿಸುವ ಮಾತೇ ಎತ್ತಲಿಲ್ಲ. ಆ ಪದ ಕೇಳಿದರೆ ಸಾಕು, ಕಾಫಿ ಲೋಟ ಕೆಳಗಿಡುತ್ತಾರೆ.

ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿರುವ ಮನೆಗಳಿಗೆ ಮ್ಯುಟೇಶನ್ ರಿಜಿಸ್ಟರ್ ಒಳ್ಳೆ ದಾರಿ. ಖಾತೆದಾರ ಯಾವಾಗ ತೀರಿಕೊಂಡ, ವಾರಸುದಾರರು ಯಾರು ಅನ್ನುವುದು ಅದರಲ್ಲಿ ಬರುತ್ತದೆ. ನಮ್ಮದು ಗೇಣಿ ಹೊಲ, ಒಡೆಯರಿಗೆ ಅರ್ಧ ಬೆಳೆ ಕೊಟ್ಟು ಪಾಲಿಗೆ ಮಾಡುತ್ತಿದ್ದಿದ್ದು. ಹೊಲದ ಒಡೆಯರು ಮೈಸೂರಿನಲ್ಲಿದ್ದರು. ಹಾಗಾಗಿ ಖಾತೆಯಲ್ಲಿ ನಮ್ಮವರ ಸುಳಿವೇ ಇಲ್ಲ. ಕೈಬರಹದ ಪಹಣಿಯಲ್ಲಿ ಎಲ್ಲರೂ ನೋಡುವುದು 9ನೇ ಕಾಲಂ, ಅಲ್ಲಿ ಸ್ವಾಧೀನದಾರರ, ಅಂದರೆ ಹೊಲದ ಒಡೆಯರ, ಹೆಸರಿರುತ್ತದೆ. ಸಾಗುವಳಿ ಮಾಡಿದವರು ಇರುವುದು 12ರಲ್ಲಿ. ಅಲ್ಲಿ ಕೆಲವು ವರ್ಷ ಮುತ್ತಜ್ಜನ ಹೆಸರು, ಅವರು ತೀರಿಕೊಂಡ ಮೇಲೆ ಮುತ್ತಜ್ಜಿಯ ಹೆಸರು, ಆಮೇಲೆ ಇದ್ದಕ್ಕಿದ್ದಂತೆ 'ಸ್ವಂತ' ಅಂತ ಬರೆದುಬಿಟ್ಟಿದ್ದಾರೆ, ಅಂದರೆ ಒಡೆಯರೇ ಉಳುತ್ತಿದ್ದಾರೆ ಅಂತ. ಭೂಸುಧಾರಣೆ ಬರುವ ಗಾಳಿ ಬೀಸಿದ ಮೇಲೆ ತುಂಬಾ ಹೊಲಗಳ ಪಹಣಿಯಲ್ಲಿ ಹೀಗೇ ಆಗಿದೆ. ಅದೇ ಕಾಲಂನ ಪಕ್ಕದಲ್ಲಿ ಆ ವರ್ಷದ ಬೆಳೆಯೂ ಬರೆದಿರುತ್ತದೆ, ರಾಗಿ ಮತ್ತು ಹುರುಳಿ.

ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಕಾಯ್ದೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಅಧಿಭೋಗದ ಹಕ್ಕು, ಅಂದರೆ ಉಳುತ್ತಿದ್ದ ಹೊಲ ತಮ್ಮದಾಗುವ ಹಕ್ಕು, ಕೊಡುತ್ತಿತ್ತು. ಮುತ್ತಜ್ಜಿ ಅರ್ಜಿ ಹಾಕಿದ್ದರು ಅನ್ನುವುದೇ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. 'ಅರಸು ಕಾಲದಲ್ಲಿ ಹೊಲ ಆಯ್ತು' ಅನ್ನುವುದಷ್ಟೇ ಗೊತ್ತು. ನಂತರದ ಪಹಣಿಯಲ್ಲಿ ಎಲ್.ಆರ್.ಎಫ್. ಅಂತ ಶುರುವಾಗುವ ಒಂದು ನಂಬರ್ ಇತ್ತು. ಅದು ನ್ಯಾಯಮಂಡಳಿಯ ಕೇಸ್ ನಂಬರ್. ಅದನ್ನೂ ಸರ್ವೆ ನಂಬರನ್ನೂ ಹಾಕಿ ರೆಕಾರ್ಡ್ ರೂಮಿಗೆ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟೆ. ಸುಮ್ನೆ 'ನಮ್ಮಜ್ಜಿ ಫೈಲು' ಅಂತ ಕೇಳಿದರೆ ಯಾರಿಗೂ ಹುಡುಕಲು ಆಗುವುದಿಲ್ಲ. ನಂಬರ್ ಇದ್ದರೆ ಕೆಲಸ ಆಗುತ್ತದೆ, ಸ್ವಲ್ಪ ಕಾಯಬೇಕು ಅಷ್ಟೇ.

ಫೈಲಿನೊಳಗೆ ಅವರ ಹೇಳಿಕೆ ಇತ್ತು. ಆಗ ಈ ನ್ಯಾಯಮಂಡಳಿಗಳ ಮುಂದೆ ವಕೀಲರಿಗೆ ಅವಕಾಶ ಇರಲಿಲ್ಲ, ಹಾಗಾಗಿ ಹೊಲ ಕೇಳಿದವರು ತಾವೇ ನಿಂತು ಮಾತಾಡಬೇಕಿತ್ತು. ಅದರಿಂದ ಬಡವರಿಗೆ ಅನುಕೂಲ ಆಯಿತೋ ತೊಂದರೆ ಆಯಿತೋ ಅನ್ನುವ ಚರ್ಚೆ ಬೇರೆ. ನನಗೆ ಮಾತ್ರ ಅದರಿಂದ ಮುತ್ತಜ್ಜಿಯ ಮಾತು ಸಿಕ್ಕಿತು. ವಯಸ್ಸು ಸುಮಾರು 52, ಕಸುಬು ಬೇಸಾಯ. ಒಂದೂವರೆ ಪುಟ, ಗುಮಾಸ್ತರ ಅವಸರದ ಅಕ್ಷರ. ನಿವೃತ್ತ ಗ್ರಾಮ ಲೆಕ್ಕಿಗರೊಬ್ಬರು ಪಕ್ಕದಲ್ಲಿ ಕೂತು ಓದಿಸಿದರು. ಒಡೆಯರ ಕಡೆಯವರು ಇವಳು ಕೂಲಿಯಾಳು, ಗೇಣಿದಾರಳಲ್ಲ ಅಂದಿದ್ದರು. ಅದಕ್ಕೆ ಇವರ ಉತ್ತರ ಹೀಗಿದೆ: 'ಗಂಡ ಸತ್ತ ಮೇಲೆ ನಾನೇ ಸಾಗುವಳಿ ಮಾಡಿಸುತ್ತಿದ್ದೇನೆ. ರಾಗಿಯಲ್ಲಿ ಅರ್ಧ ಕೊಡುತ್ತಿದ್ದೆ. ರಶೀದಿ ಕೊಟ್ಟಿಲ್ಲ. ಅಕ್ಕಡಿಯಲ್ಲಿ ಬಂದದ್ದು ಕೊಡುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ.' ಕೂಲಿಗೆ ಬಂದವಳಿಗೆ ಅಕ್ಕಡಿ ಎಲ್ಲಿಂದ ಬರಬೇಕು? ಕೆಳಗೆ ಎಡಗೈ ಹೆಬ್ಬೆಟ್ಟು, ಶಾಯಿ ಜಾಸ್ತಿಯಾಗಿ ಗೆರೆಗಳೆಲ್ಲ ಮುಚ್ಚಿಹೋಗಿವೆ. ಅವರೆಕಾಯಿ ಸುಲಿಯುತ್ತಾ ಅತ್ತೆ ಹೇಳಿದ ಲೆಕ್ಕವೂ ಈ ಕಾಗದದ ಲೆಕ್ಕವೂ ಒಂದೇ ಆಗಿದ್ದು ಆಗ.

ಅದೇ ಫೈಲಿನಲ್ಲಿ ಚೆಕ್ಕುಬಂದಿ ಇತ್ತು, ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದು ಅಂತ. ಅಕ್ಕಪಕ್ಕದ ಆ ಇಬ್ಬರೇ ಸಾಕ್ಷಿ ಹೇಳಿದವರು. ಅವರ ಮಕ್ಕಳು ಇನ್ನೂ ಊರಲ್ಲಿದ್ದಾರೆ. ಅವರಲ್ಲೊಬ್ಬರಿಂದ ಮುತ್ತಜ್ಜಿ ಬೇಸಿಗೆ ಹೊತ್ತಿನಲ್ಲಿ ಹೆಂಗಸರ ಗುಂಪು ಕಟ್ಟಿಕೊಂಡು ಮಂಡ್ಯ ಕಡೆ ಭತ್ತದ ಕುಯ್ಲಿಗೆ ಹೋಗುತ್ತಿದ್ದರು ಅನ್ನುವುದು ತಿಳಿಯಿತು. ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹರಿಯಿತು, ನಮ್ಮೂರಿನ ದಿಣ್ಣೆಗೆ ಹತ್ತಲಿಲ್ಲ. ಕೂಲಿ ಭತ್ತದ ಲೆಕ್ಕದಲ್ಲೇ ಸಿಗುತ್ತಿತ್ತಂತೆ. ಮನೆಯಲ್ಲಿ ಅನ್ನ ಮಾಡುತ್ತಿದ್ದಿದ್ದೇ ಆ ಭತ್ತ ಬಂದಾಗ ಮತ್ತು ಹಬ್ಬಕ್ಕೆ. ಮನೆಯವರು ಯಾರೂ ಇದನ್ನು ಹೇಳಿರಲಿಲ್ಲ. ಕೂಲಿಗೆ ಹೋಗಿದ್ದರು ಅನ್ನುವುದಕ್ಕೆ ಸಂಕೋಚ ಅಂತ ಕಾಣುತ್ತದೆ. ನಾನು ಬರೆದೆ. ಒಬ್ಬ ಮಾವ ಇವತ್ತಿಗೂ ಅದಕ್ಕೆ ಮುನಿಸಿಕೊಂಡಿದ್ದಾರೆ.

ಬರೆಯುವಾಗ ಒಂದು ಕ್ರಮ ಇಟ್ಟುಕೊಂಡೆ. ಕಾಗದದಲ್ಲಿ ಇದ್ದದ್ದನ್ನು ಹಾಗೇ ಹೇಳುವುದು, ಬಾಯಿಮಾತಿನದಕ್ಕೆ 'ಅಂತೆ' ಸೇರಿಸುವುದು, ಹೇಳಿದವರು ಯಾರು ಅಂತ ಪಕ್ಕದಲ್ಲಿ ಹಾಕುವುದು. ಮುತ್ತಜ್ಜ ಹೇಗೆ ತೀರಿಕೊಂಡರು ಅನ್ನುವುದಕ್ಕೆ ಎರಡು ಕಥೆ ಇವೆ, ಒಂದರಲ್ಲಿ ಜ್ವರ, ಇನ್ನೊಂದರಲ್ಲಿ ಹಾವು. ಎರಡನ್ನೂ ಬರೆದೆ. ಮನಸ್ಸಿನಲ್ಲಿ ಏನಿತ್ತು, ರಾತ್ರಿ ಕೂತು ಏನು ಯೋಚಿಸಿದರು ಅನ್ನುವಂಥದ್ದನ್ನು ಬರೆಯಲು ಹೋಗಲಿಲ್ಲ.

ಈಗ ಉಳಿದಿರುವುದು ತವರಿನ ಕಡೆ. ನಮ್ಮಲ್ಲಿ ಮನೆತನದ ಸಾಲು ಹೇಳುವ ಹೆಳವರು ಸುಗ್ಗಿ ಆದಮೇಲೆ ಬರುತ್ತಾರೆ, ಮುಂಚೆ ಎತ್ತಿನ ಮೇಲೆ ಬರುತ್ತಿದ್ದರು, ಈಗ ನಮ್ಮ ಮನೆಗೆ ಬರುವವರು ಬೈಕಿನಲ್ಲಿ. ಅವರ ಪುಸ್ತಕದಲ್ಲಿ ನಮ್ಮ ಮನೆಯ ಗಂಡಸರ ಸಾಲು ಉದ್ದಕ್ಕೂ ಇದೆ, ಮುತ್ತಜ್ಜಿ ಬರೀ ತವರೂರಿನ ಹೆಸರಾಗಿ ಇದ್ದಾರೆ. ಆ ಊರಿಗೆ ಹೋಗುವ ಹೆಳವರು ಬೇರೆಯವರು, ಅವರ ಫೋನ್ ನಂಬರ್ ಇವರಿಂದಲೇ ಸಿಕ್ಕಿದೆ. ಮುಂದಿನ ಸಲ ಬಂದಾಗ ಮುತ್ತಜ್ಜಿಯ ಹೆಸರು, ಅವರ ಹೆಣ್ಣುಮಕ್ಕಳ ಹೆಸರು ಎಲ್ಲ ಬರೆಸಲೇಬೇಕು ಅಂತ ಅಮ್ಮ ಪಟ್ಟು ಹಿಡಿದಿದ್ದಾರೆ. ಬರೆಯುತ್ತೇನೆ, ಆದರೆ ಹೆಸರಿಗೆ ಇಷ್ಟು ಅಂತ ಕಾಣಿಕೆ ಆಗುತ್ತದೆ ಅಂದಿದ್ದಾರೆ. ಚೌಕಾಸಿ ಇನ್ನೂ ನಡೆಯುತ್ತಿದೆ.