ಸೆಂಟ್ರಿ ಮೇಜಿನ ಮೇಲಿನ ಪುಸ್ತಕ

ಬಂಧನ ಆದಮೇಲೆ ಪೊಲೀಸರ ಕೈ ಕಟ್ಟುವ ಕಾನೂನಿಗೆ ನಮ್ಮಲ್ಲಿ ಬರವಿಲ್ಲ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಬಂಧನದ ಮೆಮೊಗೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯಕೀಯ ತಪಾಸಣೆ ಮಾಡಿಸಬೇಕು. 24 ಗಂಟೆಯ ನಿಯಮ ಸಂವಿಧಾನದಲ್ಲೇ ಇದೆ; ಉಳಿದದ್ದನ್ನು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ 11 ಅಂಶಗಳಲ್ಲಿ ಹೇಳಿತು. ತೊಂದರೆ ಇರುವುದು ಬಂಧನಕ್ಕೆ ಮೊದಲು. ‘ಸ್ವಲ್ಪ ವಿಚಾರಣೆ ಇದೆ, ಠಾಣೆಗೆ ಬಾ’ ಅಂತ ಕರೆಸಿದವನು ಎಷ್ಟು ಹೊತ್ತಿಗೆ ಬಂದ, ಕರೆಸಿದ್ದು ಯಾರು, ಹೋದದ್ದು ಯಾವಾಗ? ಬಹಳ ಸಲ ಇದು ಯಾವ ದಾಖಲೆಯಲ್ಲೂ ಸಿಗುವುದಿಲ್ಲ. ಅವನು ಆರೋಪಿಯೂ ಅಲ್ಲ, ಸಾಕ್ಷಿಯೂ ಅಲ್ಲ. ಬೆಂಚಿನ ಮೇಲೆ ಕೂತಿರುವ ಒಬ್ಬ ಮನುಷ್ಯ, ಅಷ್ಟೇ. ಇಲಾಖೆಗೆ ಕೆಟ್ಟ ಹೆಸರು ತರುವ ಸಂಗತಿಗಳು ಹೆಚ್ಚಾಗಿ ಶುರುವಾಗುವುದೇ ಆ ಬೆಂಚಿನಿಂದ ಅಂತ ನನಗನ್ನಿಸಿದೆ.

ಹೋಬಳಿ ಮಟ್ಟದ ಒಂದು ಠಾಣೆಗೆ ಪಿಎಸ್‌ಐ ಆಗಿ ಬಂದ ಮೇಲೆ ನಾನು ಸೆಂಟ್ರಿಯ, ಅಂದರೆ ಬಾಗಿಲ ಕಾವಲಿನ ಪೇದೆಯ, ಮೇಜಿನ ಮೇಲೊಂದು ಉದ್ದನೆಯ ರಿಜಿಸ್ಟರ್ ಇರಿಸಿದೆ. ಹೆಸರು, ಊರು, ಕರೆಸಿದ ಸಿಬ್ಬಂದಿ, ಯಾವ ವಿಷಯ, ಬಂದ ವೇಳೆ, ಹೋದ ವೇಳೆ, ಸಹಿ ಅಥವಾ ಹೆಬ್ಬೆಟ್ಟು. ಇಷ್ಟೇ ಕಾಲಂ. ಅರ್ಜಿ ಕೊಡಲು ಬಂದವರಿಂದ ಹಿಡಿದು ಅನುಮಾನದ ಮೇಲೆ ಕರೆತಂದವರವರೆಗೆ ಎಲ್ಲರ ಹೆಸರೂ ಅದರಲ್ಲಿ ಏರಬೇಕು. ಬರೆಯುವುದು ಸೆಂಟ್ರಿ, ಕರೆತಂದವರು ಬರೆಯುವ ಹಾಗಿಲ್ಲ.

ನಮ್ಮ ಎಎಸ್‌ಐ ಒಬ್ಬರು ಹಳೆಯ ಹುಲಿ, ಮುಚ್ಚುಮರೆ ಇಲ್ಲದೆ ಕೇಳಿದರು. ‘ನಮ್ಮ ಮೇಲೆ ನಾವೇ ಸಾಕ್ಷಿ ಬರ್ಕೊಂಡಂಗಾಗ್ತದಲ್ಲ ಸಾರ್? ನಾಳೆ ವಕೀಲರು ಇದನ್ನೇ ಕೋರ್ಟಿಗೆ ತರಿಸ್ತಾರೆ.’

‘ತರಿಸ್ಲಿ ಬಿಡಿ. ಏನೂ ಮಾಡದೇ ಇದ್ದವರಿಗೂ ಇದೇ ಸಾಕ್ಷಿ ಆಗ್ತದಲ್ಲ’ ಅಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಆದರೂ ಬರೆಸಿದರು, ಆಜ್ಞೆ ಅಂದಮೇಲೆ ಆಜ್ಞೆ.

ಜೊತೆಗೆ ಇನ್ನೊಂದು ಪದ್ಧತಿ ತಂದೆ. ಫೋನ್ ಮಾಡಿ ಕರೆಸುವುದನ್ನು ಆದಷ್ಟು ನಿಲ್ಲಿಸಿ ನೋಟಿಸ್ ಕೊಡುವುದು. ಬಂಧನದ ಅಗತ್ಯವಿಲ್ಲದ ಆರೋಪಿಗೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 35(3), ಸಾಕ್ಷಿಗೆ ಕಲಂ 179. ಹೆಂಗಸರು, 15ರ ಒಳಗಿನ ಹುಡುಗರು, 60 ದಾಟಿದ ಗಂಡಸರು ಸಾಕ್ಷಿ ಹೇಳಲು ಠಾಣೆಗೆ ಬರಬೇಕಿಲ್ಲ, ನಾವೇ ಅವರ ಮನೆಗೆ ಹೋಗಬೇಕು. ಇದಕ್ಕೆ ಮೊದಲಿದ್ದ ಸಿಆರ್‌ಪಿಸಿಯಲ್ಲೂ ಈ ರಕ್ಷಣೆ ಇತ್ತು, ಗಂಡಸರಿಗೆ ಮಾತ್ರ 65 ದಾಟಿರಬೇಕಿತ್ತು. ಆದರೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಠಾಣೆಯಲ್ಲಿ ಗೊತ್ತಿದ್ದವರು ಹೇಳುತ್ತಿರಲಿಲ್ಲ.

ಪುಸ್ತಕ ಇಟ್ಟ ಮಾತ್ರಕ್ಕೆ ಏನೂ ಆಗುವುದಿಲ್ಲ. ರಾತ್ರಿ ಗಸ್ತು ಮುಗಿಸಿ ಬಂದಾಗ ಅದರ ಪುಟ ತಿರುವಿಹಾಕುವುದು ನನ್ನ ರೂಢಿ. ಒಂದು ರಾತ್ರಿ ಒಂದು ಸಾಲಿನಲ್ಲಿ ‘ಹೋದ ವೇಳೆ’ ಖಾಲಿ ಇತ್ತು. ವಿಷಯದ ಜಾಗದಲ್ಲಿ ‘ಬೈಕ್ ಕಳವು’ ಅಂತಿತ್ತು, ಬಂದದ್ದು ಮಧ್ಯಾಹ್ನ. ಸೆಂಟ್ರಿಯನ್ನು ಕೇಳಿದರೆ ಅವನು ಹಿಂದಿನ ಕೋಣೆಯ ಕಡೆ ನೋಡಿದ, ಬಾಯಿ ಬಿಡಲಿಲ್ಲ. ಹೋಗಿ ನೋಡಿದೆ. ಹಳೆಯ ಫೈಲುಗಳ ನಡುವೆ ಗೋಡೆಗೊರಗಿ ಒಬ್ಬ ಹುಡುಗ ಕೂತಿದ್ದ. ಯಾರೂ ಹೊಡೆದಿರಲಿಲ್ಲ, ಚಹಾ ಕೊಡಿಸಿದ್ದರಂತೆ. ಕ್ರೈಂ ಸಿಬ್ಬಂದಿಯ ವಾದ ಏನೆಂದರೆ, ‘ಬೆಳಗಾಗೋ ಹೊತ್ತಿಗೆ ಅವನೇ ಬಾಯಿ ಬಿಡ್ತಾನೆ ಸಾರ್.’ ಅವನ ತಂದೆಯನ್ನು ಆಗಲೇ ಕರೆಸಿ, ವೇಳೆ ಬರೆದು, ಸಹಿ ಹಾಕಿಸಿ ಕಳಿಸಿದೆ. ಕೂರಿಸಿದವರಿಗೆ ಮೆಮೊ ಕೊಟ್ಟು ಸರ್ಕಲ್ ಸಾಹೇಬರಿಗೆ ವರದಿ ಬರೆದೆ. ಕೆಲವು ವಾರ ಠಾಣೆಯಲ್ಲಿ ನನ್ನೊಡನೆ ಮಾತು ಅಷ್ಟಕ್ಕಷ್ಟೇ.

ಇದಕ್ಕೆ ಬೆಲೆ ತೆರಬೇಕಾಗಲಿಲ್ಲ ಅಂತ ಹೇಳಲಾರೆ. ತಿಂಗಳ ಕ್ರೈಂ ಮೀಟಿಂಗ್‌ನಲ್ಲಿ ಕೇಳುವುದು ಎಷ್ಟು ಪತ್ತೆ, ಎಷ್ಟು ವಶ. ಬೆಂಚಿನ ಮೇಲೆ ಎಷ್ಟು ಜನರನ್ನು ಸುಮ್ಮನೆ ಕೂರಿಸಲಿಲ್ಲ ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ಕರೆ ವಿವರ ತರಿಸಿ, ಸಿಸಿಟಿವಿ ಹುಡುಕಿ, ಗುಜರಿ ಅಂಗಡಿ ಸುತ್ತಿ ಪತ್ತೆ ಮಾಡುವುದಕ್ಕೆ ಕಾಲ ಹಿಡಿಯುತ್ತದೆ. ನಮ್ಮ ಪತ್ತೆಯ ಲೆಕ್ಕ ಕೆಲವು ತಿಂಗಳು ಕೆಳಗೇ ಇತ್ತು, ಮೀಟಿಂಗ್‌ನಲ್ಲಿ ಎದ್ದು ನಿಂತು ಬೈಸಿಕೊಂಡೆ.

ಒತ್ತಡ ಮೇಲಿನಿಂದ ಮಾತ್ರ ಬರುತ್ತದೆ ಅಂದುಕೊಂಡವರು ಒಂದು ಸೋಮವಾರ ಬೆಳಿಗ್ಗೆ ಠಾಣೆಯಲ್ಲಿ ಕೂತು ನೋಡಬೇಕು. ಬದುವಿನ ಜಗಳದಲ್ಲಿ ತಮ್ಮನ ಮೇಲೆ ದೂರು ತಂದ ಯಜಮಾನರೊಬ್ಬರು ಕೈಮುಗಿದು ಹೇಳಿದ್ದು: ‘ಕೇಸು ಗೀಸು ಏನೂ ಬ್ಯಾಡಿ ಸ್ವಾಮಿ. ಕರ್ಸಿ ಎರಡು ಬಿಟ್ಟು ಕಳ್ಸಿ, ಸರಿ ಹೋಯ್ತಾನೆ.’ ಸರ್ವೆ ಆಗಬೇಕಾದ ವಿಷಯ, ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿ ಅಂದರೆ, ಕೆಲಸ ಮಾಡದ ಪೊಲೀಸ್ ಅಂತ ಮುಖ ಸಿಂಡರಿಸಿದರು. ಸಾಲ ವಸೂಲಿ, ಬಾಡಿಗೆ, ಆಸ್ತಿ ಪಾಲು, ಎಲ್ಲಕ್ಕೂ ಠಾಣೆಯಲ್ಲಿ ಪಂಚಾಯ್ತಿ ಆಗಬೇಕು. ಕೋರ್ಟಿಗೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು ಅನ್ನುವ ಅವರ ಮಾತನ್ನು ತಳ್ಳಿಹಾಕುವುದೂ ಕಷ್ಟ. ಆದರೆ ಇಂಥ ರಾಜಿಗೆ ಒಂದು ದರ ಹುಟ್ಟಿಕೊಳ್ಳುವುದು ಬಹಳ ಸುಲಭ. ಹಾಗಾಗಿ ಸಿವಿಲ್ ಸ್ವರೂಪದ ಪ್ರತಿ ಅರ್ಜಿಗೂ ನಂಬರ್ ಹಾಕಿ, ಕಾರಣ ಬರೆದು, ಹಿಂಬರಹ ಕೊಟ್ಟು ಕಳಿಸತೊಡಗಿದೆ. ಕೈಯಲ್ಲಿ ಮೊಹರು ಬಿದ್ದ ಒಂದು ಕಾಗದ ಇದ್ದರೆ ಬಯ್ಯುತ್ತಲೇ ಆದರೂ ಸರಿಯಾದ ಕಚೇರಿಗೆ ಹೋಗುತ್ತಾರೆ. ಸಂಜ್ಞೇಯ ಅಪರಾಧವಾದರೆ (ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಮಾತಿಲ್ಲ, ಎಫ್‌ಐಆರ್ ಹಾಕಲೇಬೇಕು; ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಖಚಿತ ಮಾಡಿದೆ.

ಬೀಟ್, ಅಂದರೆ ಸಿಬ್ಬಂದಿಗೆ ಹಂಚಿಕೊಟ್ಟ ಗಸ್ತಿನ ಪ್ರದೇಶ, ಅದರ ವಿಷಯಕ್ಕೆ ಬರುತ್ತೇನೆ. 2017ರಲ್ಲಿ ರಾಜ್ಯದಲ್ಲಿ ಸುಧಾರಿತ ಬೀಟ್ ಪದ್ಧತಿ ಬಂದಾಗ ಕಾನ್‌ಸ್ಟೆಬಲ್‌ಗೂ ತನ್ನದೇ ಎನ್ನುವ ಊರು, ಬೀದಿ ಸಿಕ್ಕಿತು. ಅದಕ್ಕೆ ಮುಂಚೆ ಬೀಟ್ ಅಂದರೆ ರಾತ್ರಿ ದೇವಸ್ಥಾನ, ಬ್ಯಾಂಕಿನ ಹತ್ತಿರ ಇಟ್ಟ ಪಾಯಿಂಟ್ ಪುಸ್ತಕಕ್ಕೆ ಸಹಿ ಹಾಕಿ ಬರುವುದು ಅಂತಲೇ ಆಗಿತ್ತು. ಪದ್ಧತಿ ಒಳ್ಳೆಯದು. ಆದರೆ ಊರಿನವರಿರುವ ಬೀಟ್ ಸಮಿತಿಯ ಪಟ್ಟಿ ತೆಗೆದು ನೋಡಿದರೆ ಮಾಜಿ ಅಧ್ಯಕ್ಷರು, ಗುತ್ತಿಗೆದಾರರು, ರೇಷನ್ ಅಂಗಡಿಯವರು. ಠಾಣೆಗೆ ಹೇಗೂ ಬರುವವರೇ ಅಲ್ಲಿಯೂ ಇದ್ದರು. ಪಟ್ಟಿಗೆ ಆಶಾ ಕಾರ್ಯಕರ್ತೆ, ಆಟೊ ಓಡಿಸುವವರು, ಬಸ್ ಸ್ಟ್ಯಾಂಡಿನ ಹೋಟೆಲಿನ ಹೆಂಗಸು, ಕಾಲೊನಿಯ ಹುಡುಗರನ್ನು ಸೇರಿಸಿ, ಸಭೆಯನ್ನು ಪಂಚಾಯ್ತಿ ಕಟ್ಟಡದಿಂದ ಕಾಲೊನಿಯ ಸಮುದಾಯ ಭವನಕ್ಕೆ ಬದಲಾಯಿಸಿದೆ.

ಅಲ್ಲಿ ಎದ್ದ ಮೊದಲ ವಿಷಯವೇ ಪೆಟ್ಟಿಗೆ ಅಂಗಡಿಯ ಎಣ್ಣೆ. ಸೆರಗು ಬಿಗಿ ಮಾಡಿಕೊಂಡು ಒಬ್ಬಾಕೆ ಎದ್ದು ನಿಂತು, ‘ನಿಮ್ಮೋರಿಗೆ ಮಾಮೂಲಿ ಹೋಗ್ತದಂತಲ್ಲ ಸಾರ್, ಅದ್ಕೇ ಮುಚ್ಚಲ್ಲ ಅಂತಾನೆ ಅಂಗಡಿಯೋನು’ ಅಂದಳು. ಬೀಟ್ ಕಾನ್‌ಸ್ಟೆಬಲ್ ನನ್ನ ಪಕ್ಕದಲ್ಲೇ ಇದ್ದ. ಸಭೆಯೆಲ್ಲ ನನ್ನ ಮುಖ ನೋಡಿತು. ಆ ಮಾತನ್ನು ಅವಳ ಹೆಸರಿಲ್ಲದೆ ನಡಾವಳಿಯಲ್ಲಿ ಬರೆಸಿದೆ. ಮಾರನೆಯ ವಾರ ದಾಳಿಗೆ ಬೇರೆ ಬೀಟಿನವರನ್ನು ಕಳಿಸಿದೆ. ಮಾಲು ಸಿಕ್ಕಿತು, ಹಿಂದೆ ಅದೇ ಅಂಗಡಿಯ ಮೇಲೆ ಅಬಕಾರಿ ಕಾಯ್ದೆಯ ಕಲಂ 15(ಎ) ಕೆಳಗೆ, ಕುಡಿಯಲು ಜಾಗ ಕೊಟ್ಟಿದ್ದಕ್ಕೆ ಸಣ್ಣ ಕೇಸುಗಳು ಮಾತ್ರ ಆಗಿದ್ದವು, ದಾಸ್ತಾನಿನ ಕೇಸು ಒಂದೂ ಇರಲಿಲ್ಲ. ಮಾಮೂಲಿ ಹೋಗುತ್ತಿತ್ತು ಎನ್ನಲು ಪುರಾವೆ ಸಿಗಲಿಲ್ಲ. ಆದರೂ ಬೀಟ್ ಬದಲಾಯಿಸಿದೆ, ಮುಂದಿನ ಸಭೆಯಲ್ಲಿ ಆದದ್ದನ್ನು ಆದ ಹಾಗೆಯೇ ಓದಿ ಹೇಳಿಸಿದೆ. ಹಿಂದಿನ ಸಭೆಯ ದೂರು ಏನಾಯಿತು ಎಂದು ಓದದೆ ಹೊಸ ದೂರು ಕೇಳುವಂತಿಲ್ಲ ಎಂಬುದು ಆಮೇಲೆ ನಿಯಮವೇ ಆಯಿತು.

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 2020ರ ಆದೇಶದ ಪ್ರಕಾರ ಲಾಕಪ್, ವರಾಂಡದಷ್ಟೇ ಅಲ್ಲ, ಸಬ್ ಇನ್‌ಸ್ಪೆಕ್ಟರ್ ಕೊಠಡಿಯಲ್ಲೂ ಕ್ಯಾಮೆರಾ ಇರಬೇಕು, ಧ್ವನಿಯೂ ದಾಖಲಾಗಬೇಕು, 18 ತಿಂಗಳ ದೃಶ್ಯ ಉಳಿಯಬೇಕು. ನನ್ನ ಕೊಠಡಿಯ ಕ್ಯಾಮೆರಾ ನನ್ನ ಕುರ್ಚಿಯ ಕಡೆಗೇ ಮುಖ ಮಾಡಿದೆ. ಶಿಫಾರಸು ಹೊತ್ತು ಬಂದ ಮುಖಂಡರು ಅದನ್ನು ಒಮ್ಮೆ ನೋಡಿ ‘ಹೊರಗೆ ಮಾತಾಡೋಣ್ವಾ ಸಾರ್’ ಅನ್ನುತ್ತಾರೆ. ನಾನು ಏಳುವುದಿಲ್ಲ.

ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಸೇವೆ ಸಿಗಬೇಕು ಅಂತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ವರ್ಗಾವಣೆ ಅಷ್ಟರವರೆಗೆ ಕಾದರೆ ಸಂತೋಷ. ನನ್ನ ರಿಜಿಸ್ಟರ್ ಯಾವ ಪೊಲೀಸ್ ಕೈಪಿಡಿಯಲ್ಲೂ ಇಲ್ಲ, ಮುಂದೆ ಬರುವವರು ಅದನ್ನು ಗುಜರಿಗೆ ಹಾಕಿದರೆ ಕೇಳುವವರಿಲ್ಲ. ಅದಕ್ಕೇ ಈ ವರ್ಷ ಅದಕ್ಕೂ ಕ್ರಮಸಂಖ್ಯೆ ಕೊಟ್ಟು, ಹೊಸ ಅಧಿಕಾರಿಗೆ ಠಾಣೆ ಒಪ್ಪಿಸುವಾಗಿನ ಚಾರ್ಜ್ ಪಟ್ಟಿಗೆ ಸೇರಿಸಿದ್ದೇನೆ. ರೈಫಲ್, ವೈರ್‌ಲೆಸ್ ಸೆಟ್, ಜೀಪಿನ ಕೀ ಎಣಿಸಿಕೊಳ್ಳುವಾಗ ಅದನ್ನೂ ಎಣಿಸಿ ಸಹಿ ಹಾಕಬೇಕಾಗುತ್ತದೆ.