ಇಂಗ್ಲೆಂಡಿನಲ್ಲಿ ಸೋಶಿಯಲ್ ವರ್ಕ್: ಆನ್‌ಲೈನ್ ಡಿಪ್ಲೊಮಾಗೆ ದುಡ್ಡು ಕಟ್ಟುವ ಮೊದಲು

ಇಂಗ್ಲೆಂಡಿನ ಒಂದು ಕೌನ್ಸಿಲ್‌ನಲ್ಲಿ, ಅಂದರೆ ಅಲ್ಲಿನ ಸ್ಥಳೀಯ ಆಡಳಿತದಲ್ಲಿ, ಮಕ್ಕಳ ವಿಭಾಗದ ಸೋಶಿಯಲ್ ವರ್ಕರ್ ಆಗಿ ಬಹಳ ವರ್ಷ ಕೆಲಸ ಮಾಡಿ, ಈಗ ಮಲ್ಲೇಶ್ವರದ ಮನೆಗೆ ವಾಪಸ್ ಬಂದಿದ್ದೇನೆ. ಬಂದ ಮೇಲೂ ಅಲ್ಲಿಂದ ಫೋನ್ ಬರುವುದು ನಿಂತಿಲ್ಲ. ಗಂಡನ ಐಟಿ ಕೆಲಸದ ಜೊತೆ ಹೋದ ಹೆಣ್ಣುಮಕ್ಕಳು, ಕೇರ್ ಹೋಮ್‌ನಲ್ಲಿ ಶಿಫ್ಟ್ ಮಾಡುತ್ತಿರುವ ಹುಡುಗರು, ಮಕ್ಕಳು ಸ್ಕೂಲಿಗೆ ಹೋಗಲು ಶುರುಮಾಡಿದ ಮೇಲೆ ಹೊಸದಾಗಿ ಏನಾದರೂ ಓದೋಣ ಅಂದುಕೊಂಡವರು. ಎಲ್ಲರ ಪ್ರಶ್ನೆಯೂ ಒಂದೇ. "ಅಕ್ಕಾ, ಕೆಲಸ ಬಿಡದೆ ಆನ್‌ಲೈನ್‌ನಲ್ಲಿ ಸೋಶಿಯಲ್ ವರ್ಕ್ ಡಿಪ್ಲೊಮಾ ಮಾಡಿದರೆ ಸಾಕಲ್ವಾ?"

ಸಾಕಾಗಲ್ಲ. ಯಾಕೆ ಸಾಕಾಗಲ್ಲ ಅಂತ ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ವೀಸಾ, ಮನೆ ಬಾಡಿಗೆ, ಬ್ಯಾಂಕ್ ಖಾತೆ ಇವೆಲ್ಲ ನಿಮಗೆ ಗೊತ್ತೇ ಇರುತ್ತವೆ, ಅದರ ಗೊಡವೆಗೆ ಹೋಗುವುದಿಲ್ಲ. ಇನ್ನೊಂದು ಮಾತು. ನಾನು ಹೇಳುತ್ತಿರುವುದು ಇಂಗ್ಲೆಂಡಿನ ವ್ಯವಸ್ಥೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಬೇರೆ ಬೇರೆ ನಿಯಂತ್ರಣ ಸಂಸ್ಥೆಗಳಿವೆ.

ಹೋದ ತಿಂಗಳು ವಿಜಯನಗರದ ಒಬ್ಬ ತಾಯಿ ಮಗಳ ಸರ್ಟಿಫಿಕೇಟ್ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದರು. ದಪ್ಪ ಕಾಗದ, ಮೂಲೆಯಲ್ಲಿ ಚಿನ್ನದ ಬಣ್ಣದ ಸೀಲು, ಮಧ್ಯದಲ್ಲಿ ದೊಡ್ಡದಾಗಿ ಮಗಳ ಹೆಸರು. ಕೆಳಗೆ "ಲೆವೆಲ್ 5 ಡಿಪ್ಲೊಮಾ" ಅಂತ ಬರೆದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಎಂಡಾರ್ಸ್ಡ್" ಅನ್ನುವ ಒಂದು ಪದ. ಫೀಸನ್ನು ಇಲ್ಲಿಂದಲೇ, ಅಪ್ಪನ ರಿಟೈರ್‌ಮೆಂಟ್ ದುಡ್ಡಿನಲ್ಲಿ ಕಳಿಸಿದ್ದರು. ಮಗಳು ಕೇರ್ ಹೋಮ್‌ನಲ್ಲಿ ರಾತ್ರಿ ಪಾಳಿ ಮಾಡಿ, ಹಗಲು ಅಸೈನ್‌ಮೆಂಟ್ ಬರೆದು ಅದನ್ನು ಮುಗಿಸಿದ್ದಳು. "ಇನ್ನು ಕೌನ್ಸಿಲ್‌ನಲ್ಲಿ ಕೆಲಸ ಸಿಗುತ್ತಲ್ವಾ ಮೇಡಂ?" ಅಂತ ಆ ತಾಯಿ ಕೇಳಿದರು. ಮಗಳು ಆಗಲೇ ಅರ್ಜಿ ಹಾಕಿ ನೋಡಿದ್ದಳು. ಅರ್ಜಿಯಲ್ಲಿ ನೋಂದಣಿ ಸಂಖ್ಯೆ ಕೇಳುವ ಒಂದು ಖಾನೆ ಇರುತ್ತದೆ. ಅದನ್ನು ತುಂಬದೆ ಮುಂದಿನ ಪುಟಕ್ಕೆ ಹೋಗಲು ಆಗಲೇ ಇಲ್ಲವಂತೆ.

ಆ ಖಾನೆಯೇ ಇಡೀ ವಿಷಯ. ಸೋಶಿಯಲ್ ವರ್ಕರ್ ಅಂತ ಹೇಳಿಕೊಳ್ಳುವುದಕ್ಕೆ ಇಂಗ್ಲೆಂಡಿನಲ್ಲಿ 2005ರ ಏಪ್ರಿಲ್‌ನಿಂದ ಕಾನೂನಿನ ಕಾವಲಿದೆ. ನೋಂದಣಿ ಇಲ್ಲದೆ ಹಾಗೆ ಹೇಳಿಕೊಂಡರೆ ಅಪರಾಧ. ನೋಂದಣಿ ಮಾಡುವುದು ಸೋಶಿಯಲ್ ವರ್ಕ್ ಇಂಗ್ಲೆಂಡ್ ಅನ್ನುವ ಸಂಸ್ಥೆ. ಮೊದಲು ಈ ಕೆಲಸ ಆರೋಗ್ಯ ವೃತ್ತಿಗಳನ್ನು ನೋಡಿಕೊಳ್ಳುವ ಎಚ್‌ಸಿಪಿಸಿ ಅನ್ನುವ ಸಂಸ್ಥೆಯ ಕೈಯಲ್ಲಿತ್ತು, 2019ರ ಡಿಸೆಂಬರ್ 2ರಿಂದ ಇವರಿಗೆ ಬಂತು. ಅಲ್ಲೇ ಓದಿ ನೋಂದಣಿ ಆಗಬೇಕೆಂದರೆ ಇವರು ಒಪ್ಪಿದ ಕೋರ್ಸನ್ನೇ ಮಾಡಿರಬೇಕು. ಒಪ್ಪಿದ ಕೋರ್ಸ್‌ಗಳ ಪಟ್ಟಿ ಅವರ ವೆಬ್‌ಸೈಟ್‌ನಲ್ಲೇ ಇದೆ. ಕಾಲೇಜಿನ ಹೆಸರು ಹಾಕಿ ಹುಡುಕಿದರೆ ಎರಡು ನಿಮಿಷದ ಕೆಲಸ. ಆ ಪಟ್ಟಿಯಲ್ಲಿ ಇರುವುದು ಪದವಿ, ಸ್ನಾತಕೋತ್ತರ ಪದವಿ, ಪೋಸ್ಟ್‌ಗ್ರಾಜುಯೇಟ್ ಡಿಪ್ಲೊಮಾ ಇಂಥವು. ಲೆವೆಲ್ 3, 4, 5ರ ಡಿಪ್ಲೊಮಾ ಒಂದೂ ಅಲ್ಲಿಲ್ಲ.

ಹಾಗಾದರೆ ಇಷ್ಟು ಜನ ಯಾಕೆ ಬೀಳುತ್ತಾರೆ? ಒಂದು ಕಾರಣ ಹಳೆಯದು. ಹಿಂದೆ ಅಲ್ಲಿ ಡಿಪ್ಲೊಮಾ ಇನ್ ಸೋಶಿಯಲ್ ವರ್ಕ್ ಅನ್ನುವುದೇ ನಿಜವಾದ ಅರ್ಹತೆಯಾಗಿತ್ತು. 2003ರಿಂದ ಅದರ ಜಾಗಕ್ಕೆ ಪದವಿ ಬಂತು. ಆ ಹಳೆಯ ಡಿಪ್ಲೊಮಾ ಮಾಡಿದವರು ಈಗಲೂ ಮ್ಯಾನೇಜರ್‌ಗಳಾಗಿ ಕೂತಿದ್ದಾರೆ. "ನಾನು ಡಿಪ್ಲೊಮಾ ಮಾಡಿಯೇ ಇಲ್ಲಿಗೆ ಬಂದೆ" ಅಂತ ಅವರು ಹೇಳಿದ್ದನ್ನು ನಮ್ಮವರು ನಂಬಿಬಿಡುತ್ತಾರೆ. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಆ ಬಾಗಿಲು ಯಾವಾಗಲೋ ಮುಚ್ಚಿದೆ.

ಎರಡನೆಯ ಕಾರಣ ಲೆವೆಲ್‌ಗಳ ಲೆಕ್ಕ. ಲೆವೆಲ್ 3 ಅಂದರೆ ಹೆಚ್ಚುಕಮ್ಮಿ ನಮ್ಮ ಪಿಯುಸಿ ಮಟ್ಟ. 4 ಮತ್ತು 5 ಅಂದರೆ ಪದವಿಯ ಮೊದಲ ಮತ್ತು ಎರಡನೆಯ ವರ್ಷದ ಮಟ್ಟ. 6 ಅಂದರೆ ಪದವಿ. ಮಾರುವವರು ಇದನ್ನೇ ಹಿಡಿದುಕೊಂಡು, "ಲೆವೆಲ್ 5 ಮಾಡಿ, ಆಮೇಲೆ ಒಂದು ವರ್ಷ ಟಾಪ್‌ಅಪ್ ಮಾಡಿದರೆ ಡಿಗ್ರಿ" ಅನ್ನುತ್ತಾರೆ. ಮಾತು ನಿಜವೇ. ಆದರೆ ಹೀಗೆ ಸಿಗುವ ಡಿಗ್ರಿ ಯಾವುದು ಗೊತ್ತಾ? ಸಾಮಾನ್ಯವಾಗಿ ಬಿಎ ಹೆಲ್ತ್ ಅಂಡ್ ಸೋಶಿಯಲ್ ಕೇರ್. ಸೋಶಿಯಲ್ ಕೇರ್ ಅಂದರೆ ಆರೈಕೆಯ ಕೆಲಸ, ಅದು ಬೇರೆ, ಸೋಶಿಯಲ್ ವರ್ಕ್ ಬೇರೆ. ಆ ಡಿಗ್ರಿ ಇಟ್ಟುಕೊಂಡು ಸೋಶಿಯಲ್ ವರ್ಕರ್ ಆಗಿ ನೋಂದಣಿ ಆಗಲು ಬರುವುದಿಲ್ಲ. ವರ್ಷಗಟ್ಟಲೆ ನಿದ್ದೆಗೆಟ್ಟು ಓದಿ, ಸಾವಿರಾರು ಪೌಂಡ್ ಸುರಿದು, ಕೊನೆಗೆ ಅದೇ ಖಾನೆಯ ಮುಂದೆ ನಿಂತವರನ್ನು ನಾನು ನೋಡಿದ್ದೇನೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ಜಾಹೀರಾತಿನಲ್ಲಿ ಯಾರೂ ನೇರವಾಗಿ ಸುಳ್ಳು ಹೇಳಿರುವುದಿಲ್ಲ. ಸೋಶಿಯಲ್ ವರ್ಕ್ ಅನ್ನುವ ಪದವನ್ನು ಕೋರ್ಸಿನ ಹೆಸರಿನಲ್ಲಿ ಇಟ್ಟು, ನೋಂದಣಿಯ ಮಾತು ಮಾತ್ರ ಎತ್ತುವುದಿಲ್ಲ. ಅದನ್ನು ಕೇಳಬೇಕು ಅನ್ನುವುದು ಹೊಸಬರಿಗೆ ಹೊಳೆಯುವುದೂ ಇಲ್ಲ.

ಸೇಲ್ಸ್‌ನವರು ಫೋನ್ ಮಾಡಿದಾಗ ಸುತ್ತಿ ಬಳಸಿ ಮಾತಾಡಬೇಡಿ. ಒಂದೇ ಪ್ರಶ್ನೆ ಕೇಳಿ: "ಇದು ಮುಗಿದ ಮೇಲೆ ಸೋಶಿಯಲ್ ವರ್ಕ್ ಇಂಗ್ಲೆಂಡ್‌ನಲ್ಲಿ ನೋಂದಣಿಗೆ ಅರ್ಜಿ ಹಾಕಬಹುದಾ? ಹೌದು ಅಂತಾದರೆ ಈಮೇಲ್‌ನಲ್ಲಿ ಬರೆದು ಕೊಡಿ." ಆಮೇಲೆ ಆ ಈಮೇಲ್ ಬಂದರೂ ಪಟ್ಟಿ ನೋಡದೆ ಕಟ್ಟಬೇಡಿ. "ಅಕ್ರೆಡಿಟೆಡ್", "ಸಿಪಿಡಿ ಸರ್ಟಿಫೈಡ್", "ಎಂಡಾರ್ಸ್ಡ್" ಅನ್ನುವ ಪದಗಳಿಂದ ನೋಂದಣಿ ಸಿಗುವುದಿಲ್ಲ. ಡಿಪ್ಲೊಮಾ ನಿಯಂತ್ರಿತ ಅರ್ಹತೆ ಹೌದೋ ಅಲ್ಲವೋ ಎಂದು ತಿಳಿಯಬೇಕಾದರೆ ಅರ್ಹತೆಗಳನ್ನು ನಿಯಂತ್ರಿಸುವ ಆಫ್‌ಕ್ವಾಲ್ ಸಂಸ್ಥೆಯ ರಿಜಿಸ್ಟರ್‌ನಲ್ಲಿ ಅದರ ಸಂಖ್ಯೆ ಹಾಕಿ ನೋಡಿ. ಸಂಖ್ಯೆ ಕೊಡಲು ತಡವರಿಸಿದರೆ ಫೋನ್ ಇಟ್ಟುಬಿಡಿ.

ಆಗಲೇ ಕಟ್ಟಿಬಿಟ್ಟಿದ್ದೀರಾ? ಆನ್‌ಲೈನ್‌ನಲ್ಲಿ ಅಥವಾ ಫೋನಿನಲ್ಲಿ ಸೇರಿದ್ದರೆ ಸಾಮಾನ್ಯವಾಗಿ 14 ದಿನದೊಳಗೆ ರದ್ದು ಮಾಡುವ ಹಕ್ಕು ಇರುತ್ತದೆ. ಪಾಠ ತೆರೆದು ಓದಲು ಶುರುಮಾಡಿದರೆ ಆ ಹಕ್ಕು ಕಡಿಮೆಯಾಗಬಹುದು, ಹಾಗಾಗಿ ಲಾಗಿನ್ ಆಗುವ ಮೊದಲು ಈ ಪಟ್ಟಿಗಳನ್ನೆಲ್ಲ ನೋಡಿ ಮುಗಿಸಿ. ಫೀಸನ್ನು ಅಲ್ಲಿಯ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟುವುದು ಒಳ್ಳೆಯದು. ಬೆಲೆ 100 ಪೌಂಡ್‌ಗಿಂತ ಜಾಸ್ತಿ, 30,000 ಪೌಂಡ್‌ವರೆಗೆ ಇದ್ದರೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಹೇಳಿದ್ದೊಂದು ಕೊಟ್ಟಿದ್ದೊಂದು ಆದಾಗ ದುಡ್ಡು ವಾಪಸ್ ಕೊಡಿ ಅಂತ ಬ್ಯಾಂಕನ್ನೂ ಕೇಳಬಹುದು. ಬೆಂಗಳೂರಿನಿಂದ ಅಪ್ಪನೋ ಮಾವನೋ ನೇರವಾಗಿ ವರ್ಗಾವಣೆ ಮಾಡಿದರೆ ಈ ರಕ್ಷಣೆ ಸಿಗುವುದಿಲ್ಲ.

ಹಾಗಂತ ಎಲ್ಲ ಡಿಪ್ಲೊಮಾವೂ ದಂಡ ಅಂತ ಅಲ್ಲ. ಕೇರ್ ಹೋಮ್‌ನಲ್ಲೇ ಸೀನಿಯರ್ ಆಗಬೇಕು, ಮುಂದೆ ಮ್ಯಾನೇಜರ್ ಆಗಬೇಕು ಅನ್ನುವವರಿಗೆ ಅಡಲ್ಟ್ ಕೇರ್‌ನ ಲೆವೆಲ್ 3, ನಾಯಕತ್ವದ ಲೆವೆಲ್ 5 ಬಹಳ ಉಪಯೋಗ. ಅವನ್ನು ಕೆಲಸದ ಜಾಗದಲ್ಲೇ ಅಸೆಸರ್ ಬಂದು ನೋಡಿ ಕೊಡುತ್ತಾರೆ. ಎಷ್ಟೋ ಸಲ ಫೀಸನ್ನು ಮಾಲೀಕರೇ ಕೊಡುತ್ತಾರೆ, ಕೇಳಿ ನೋಡಿ.

ಡಿಗ್ರಿ ಇಲ್ಲದವರಿಗೆ ಆನ್‌ಲೈನ್‌ನಲ್ಲಿ ಸಿಗುವ ಒಂದು ಒಳ್ಳೆಯ ಡಿಪ್ಲೊಮಾ ಇದೆ: ಆಕ್ಸೆಸ್ ಟು ಹೈಯರ್ ಎಜುಕೇಶನ್. 60 ಕ್ರೆಡಿಟ್‌ನದ್ದು, ಲೆವೆಲ್ 3. ಇದು ಯೂನಿವರ್ಸಿಟಿಯ ಸೋಶಿಯಲ್ ವರ್ಕ್ ಪದವಿಗೆ ಮೆಟ್ಟಿಲು. ಅರ್ಹರಿಗೆ ಅಡ್ವಾನ್ಸ್ಡ್ ಲರ್ನರ್ ಲೋನ್ ಸಿಗುತ್ತದೆ. ಮುಂದೆ ವಿದ್ಯಾರ್ಥಿ ಸಾಲ ತೆಗೆದುಕೊಂಡು ಪದವಿ ಮುಗಿಸಿದರೆ ಆಕ್ಸೆಸ್ ಕೋರ್ಸಿನ ಬಾಕಿ ಸಾಲ ಮನ್ನಾ ಆಗುತ್ತದೆ.

ಆದರೆ ಬಿಕಾಂ, ಬಿಎಸ್ಸಿ, ಬಿಇ ಮಾಡಿ ಹೋದವರು ಈ ಮೆಟ್ಟಿಲು ಹತ್ತಬೇಕಾಗಿಲ್ಲ. ಯಾವ ವಿಷಯದ ಪದವಿ ಇದ್ದರೂ ಎರಡು ವರ್ಷದ ಎಂಎ ಸೋಶಿಯಲ್ ವರ್ಕ್‌ಗೆ ಅರ್ಜಿ ಹಾಕಬಹುದು, ಅಂಕ ಸಾಕಷ್ಟಿರಬೇಕು ಅಷ್ಟೇ. ಇನ್ನೊಂದು ಸೂಕ್ಷ್ಮ ಇದೆ. ಈಗಾಗಲೇ ಒಂದು ಪದವಿ ಇದ್ದವರಿಗೆ, ಅದು ಬೆಂಗಳೂರು ವಿಶ್ವವಿದ್ಯಾಲಯದ್ದೇ ಆದರೂ ಸರಿ, ಎರಡನೆಯ ಬಿಎಗೆ ಅಲ್ಲಿನ ಸರ್ಕಾರದ ಬೋಧನಾ ಶುಲ್ಕದ ಸಾಲ ಸಾಮಾನ್ಯವಾಗಿ ಸಿಗುವುದಿಲ್ಲ. ಇಲ್ಲಿಯ ಡಿಗ್ರಿ ಲೆಕ್ಕಕ್ಕೇ ಇಲ್ಲ ಅಂದುಕೊಂಡು ಅದನ್ನು ಹೇಳದೇ ಬಿಡಬೇಡಿ.

ಎಂಎಸ್‌ಡಬ್ಲ್ಯೂ ಮಾಡಿಕೊಂಡು ಹೋದವರು ಹೊಸ ಕೋರ್ಸ್ ಹುಡುಕುವುದನ್ನು ಮೊದಲು ನಿಲ್ಲಿಸಿ. ನೀವು ವಿದೇಶದಲ್ಲಿ ಅರ್ಹತೆ ಪಡೆದವರಾಗಿ ನೇರವಾಗಿ ಸೋಶಿಯಲ್ ವರ್ಕ್ ಇಂಗ್ಲೆಂಡ್‌ಗೆ ಅರ್ಜಿ ಹಾಕಬಹುದು. ಅವರು ನಿಮ್ಮ ಸಿಲೆಬಸ್, ಫೀಲ್ಡ್‌ವರ್ಕ್, ಕೆಲಸದ ಅನುಭವವನ್ನು ತಮ್ಮ ಮಾನದಂಡಕ್ಕೆ ಹೋಲಿಸಿ ನೋಡುತ್ತಾರೆ. ಫೀಲ್ಡ್‌ವರ್ಕ್ ಡೈರಿಯನ್ನು ರದ್ದಿಗೆ ಹಾಕಿದ್ದರೆ ಕಷ್ಟ. ಊರಿಗೆ ಬಂದಾಗ ಅಟ್ಟ ಹುಡುಕಿ, ಕಾಲೇಜಿಗೆ ಹೋಗಿ ಎಲ್ಲಿ ಎಷ್ಟು ದಿನ ಫೀಲ್ಡ್‌ವರ್ಕ್ ಮಾಡಿದಿರಿ ಅಂತ ಪತ್ರ ಮಾಡಿಸಿಕೊಳ್ಳಿ.

ಈಗ ಕೆಲಸದ ಜೊತೆ ಓದುವ ಮಾತು. ಒಪ್ಪಿದ ಕೋರ್ಸ್‌ಗಳಲ್ಲೂ ಪಾಠವನ್ನು ಮನೆಯಲ್ಲೇ ಓದುವಂಥವು ಇವೆ. ಓಪನ್ ಯೂನಿವರ್ಸಿಟಿಯ ಪದವಿ ಅಂಥದ್ದು, ಆದರೆ ಅದಕ್ಕೆ ಸಾಮಾನ್ಯವಾಗಿ ಮಾಲೀಕರ ಪ್ರಾಯೋಜನೆ ಬೇಕು. ಪಾಠ ಆನ್‌ಲೈನ್ ಆಗಬಹುದು, ಪ್ಲೇಸ್‌ಮೆಂಟ್, ಅಂದರೆ ಅಲ್ಲಿನ ಫೀಲ್ಡ್‌ವರ್ಕ್, ಆಗುವುದಿಲ್ಲ. ಒಟ್ಟು 200 ದಿನ, ಅದರಲ್ಲಿ 30ರವರೆಗೆ ಕೌಶಲ ಕಲಿಸುವ ಸ್ಕಿಲ್ಸ್ ದಿನಗಳು, ಉಳಿದದ್ದು ಬೇರೆ ಬೇರೆ ಕಡೆ ನಿಜವಾದ ಕೆಲಸ. ಅದು ನಡೆಯುವುದು ಕಚೇರಿಯ ವೇಳೆಯಲ್ಲಿ, ಸೋಮವಾರದಿಂದ ಶುಕ್ರವಾರ. ಸಂಬಳ ಇಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಪ್ಲೇಸ್‌ಮೆಂಟ್‌ಗೆ ಹೋಗುತ್ತೇನೆ ಅನ್ನುವವರಿಗೆ ನಾನು ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ಒಂದು ಮಗುವಿನ ಮನೆಗೆ ಭೇಟಿ ಕೊಟ್ಟು, ಅಲ್ಲಿ ಕಂಡದ್ದನ್ನು ಸರಿಯಾಗಿ ಬರೆದಿಡುವ ಕೆಲಸ ಅದು. ನಿದ್ದೆ ಇಲ್ಲದ ಕಣ್ಣಿಗೆ ಕಾಣಬೇಕಾದದ್ದು ಕಾಣುವುದಿಲ್ಲ. ಸೇರುವ ಮೊದಲೇ ಆ ತಿಂಗಳುಗಳಿಗೆ ದುಡ್ಡು ಕೂಡಿಡಿ, ಅಥವಾ ರಜೆಯ ಬಗ್ಗೆ ಮ್ಯಾನೇಜರ್ ಹತ್ತಿರ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಕೆಲಸ ಮಾಡುವವರಿಗೆ ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ದಾರಿ ಡಿಗ್ರಿ ಅಪ್ರೆಂಟಿಸ್‌ಶಿಪ್. ಕೌನ್ಸಿಲ್‌ಗೆ ಸಹಾಯಕರಾಗಿ ಸೇರಿ, ಅವರೇ ನಿಮ್ಮನ್ನು ಓದಿಸುತ್ತಾರೆ. ಸಂಬಳ ಬರುತ್ತದೆ, ಫೀಸು ನಿಮ್ಮ ತಲೆಯ ಮೇಲಿಲ್ಲ, ಕೊನೆಗೆ ನೋಂದಣಿಯೂ ಆಗುತ್ತದೆ. ಪೈಪೋಟಿ ಜಾಸ್ತಿ, ಒಳಗಿನವರಿಗೇ ಮೊದಲ ಅವಕಾಶ ಕೊಡುವ ಕೌನ್ಸಿಲ್‌ಗಳೂ ಇವೆ. ಎಷ್ಟು ಕಾಲದಿಂದ ಅಲ್ಲಿ ವಾಸವಿದ್ದೀರಿ ಅನ್ನುವ ಷರತ್ತು ಇದಕ್ಕೂ ಇದೆ, ಆದರೆ ಅದು ವಿದ್ಯಾರ್ಥಿ ಸಾಲದ ಷರತ್ತಿನಂತೆಯೇ ಇರುವುದಿಲ್ಲ. ಡಿಪೆಂಡೆಂಟ್ ವೀಸಾದಲ್ಲಿರುವವರು ನಮಗೆಲ್ಲಿ ಸಿಗುತ್ತದೆ ಅಂತ ಸುಮ್ನೆ ಕೂರದೆ, ವೀಸಾದ ಹೆಸರು ಹೇಳಿ ಕೌನ್ಸಿಲ್‌ನವರನ್ನೇ ಕೇಳಿ.

ಇಲ್ಲಿಂದಲೇ ಆನ್‌ಲೈನ್ ಡಿಪ್ಲೊಮಾ ಮಾಡಿ ಆಮೇಲೆ ಹೋಗೋಣ ಅನ್ನುವ ಬೆಂಗಳೂರಿನವರಿಗೂ ಒಂದು ಮಾತು. ಆನ್‌ಲೈನ್ ಕೋರ್ಸಿನಿಂದ ವೀಸಾ ಬರುವುದಿಲ್ಲ. ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳುವುದನ್ನು 2025ರ ಜುಲೈ 22ರಿಂದ ನಿಲ್ಲಿಸಿದ್ದಾರೆ. ಈ ಡಿಪ್ಲೊಮಾ ಮಾಡಿದರೆ ಕೇರ್ ವೀಸಾ ಗ್ಯಾರಂಟಿ ಅಂತ ಯಾವ ಏಜೆಂಟ್ ಹೇಳಿದರೂ ಎದ್ದು ಬನ್ನಿ.

ಯಾರ ಪದ್ಧತಿ ಮೇಲು ಅಂತ ಕೇಳುತ್ತಾರೆ. ಹೆಸರಿಗೆ ಕಾವಲು ಇಟ್ಟಿರುವುದರಲ್ಲಿ ಇಂಗ್ಲೆಂಡೇ ಮೇಲು. ತಪ್ಪು ಮಾಡಿದ ಸೋಶಿಯಲ್ ವರ್ಕರ್ ಮೇಲೆ ದೂರು ಕೊಡಲು ಒಂದು ಜಾಗ ಇದೆ, ನೋಂದಣಿ ರದ್ದು ಮಾಡುವ ಅಧಿಕಾರ ಅವರಿಗಿದೆ. ನಮ್ಮಲ್ಲಿ ಎಂಎಸ್‌ಡಬ್ಲ್ಯೂ ಮಾಡಿದವರಿಗೂ ಮಾಡದವರಿಗೂ ಅಂಥ ಗೆರೆ ಇಲ್ಲ, 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಆಸ್ಪತ್ರೆಯ ಕಡೆಯವರನ್ನು ಸೇರಿಸಿಕೊಂಡಿರುವುದು ಒಂದು ಶುರು ಅಷ್ಟೇ. ಆದರೆ ಕಲಿಸುವ ರೀತಿಯಲ್ಲಿ ನನ್ನ ಮನಸ್ಸು ಬೆಂಗಳೂರಿನ ಕಡೆಗೇ. ಇಲ್ಲಿ ವಾರದಲ್ಲಿ ಕೆಲವು ದಿನ ಕ್ಲಾಸು, ಕೆಲವು ದಿನ ಫೀಲ್ಡ್‌ವರ್ಕ್ ಒಟ್ಟಿಗೆ ನಡೆಯುತ್ತವೆ. ಒಂದೇ ಬಡಾವಣೆಗೆ ತಿಂಗಳುಗಟ್ಟಲೆ ಹೋಗುತ್ತಾ ಜನರ ಪರಿಚಯವಾಗುತ್ತದೆ. ಅಲ್ಲಿ ಎಲ್ಲವೂ ಕೇಸು, ಕಾಯ್ದೆ, ಕಂಪ್ಯೂಟರ್ ಫಾರಂ. 1989ರ ಮಕ್ಕಳ ಕಾಯ್ದೆ ಬಾಯಿಗೆ ಬರುತ್ತದೆ, ಪಕ್ಕದ ಬೀದಿ ಗೊತ್ತಿರುವುದಿಲ್ಲ.

ಕೊನೆಗೆ, ರಜೆಗೆ ಬೆಂಗಳೂರಿಗೆ ಬಂದಾಗ ಮುಗಿಸಿಕೊಳ್ಳಬೇಕಾದ ಕೆಲಸಗಳು. ಯೂನಿವರ್ಸಿಟಿಗಳು ಜಿಸಿಎಸ್‌ಇ (ಅಲ್ಲಿನ ಎಸ್‌ಎಸ್‌ಎಲ್‌ಸಿಯಂಥ ಪರೀಕ್ಷೆ) ಮಟ್ಟದ ಇಂಗ್ಲಿಷ್, ಗಣಿತ ಕೇಳುತ್ತವೆ, ಅದಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಬೇಕಾಗುತ್ತದೆ. ಕಳೆದಿದ್ದರೆ ಮಲ್ಲೇಶ್ವರದ ಬೋರ್ಡಿನಲ್ಲಿ ಎರಡನೇ ಪ್ರತಿಗೆ ಅರ್ಜಿ ಹಾಕಿ. ಬೆಂಗಳೂರು ವಿಶ್ವವಿದ್ಯಾಲಯದವರು ಟ್ರಾನ್ಸ್‌ಕ್ರಿಪ್ಟ್‌ಗೆ ಜ್ಞಾನಭಾರತಿಗೆ ಹೋಗಬೇಕು, ರಜೆಯ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಐಇಎಲ್‌ಟಿಎಸ್‌ನಲ್ಲಿ ಸೋಶಿಯಲ್ ವರ್ಕ್‌ಗೆ ಹೆಚ್ಚಿನ ಕಡೆ 7 ಕೇಳುತ್ತಾರೆ, ಫಲಿತಾಂಶ ಎರಡು ವರ್ಷವಷ್ಟೇ ನಡೆಯುತ್ತದೆ. ಮಕ್ಕಳ ಜೊತೆ ಕೆಲಸ ಇರುವುದರಿಂದ ಡಿಬಿಎಸ್ ತಪಾಸಣೆ, ಅಂದರೆ ಅಪರಾಧ ದಾಖಲೆಯ ತಪಾಸಣೆ, ಇರುತ್ತದೆ. ಅದರ ಜೊತೆ ಭಾರತದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೂಡ ಕೇಳಬಹುದು. ಡ್ರೈವಿಂಗ್ ಲೈಸೆನ್ಸ್ ವಿಷಯ ಮರೆಯಬೇಡಿ. ನಮ್ಮ ಲೈಸೆನ್ಸ್‌ನಲ್ಲಿ ಅಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ಓಡಿಸಬಹುದು. ಮನೆ ಮನೆ ಸುತ್ತುವ ಕೆಲಸವಾದ್ದರಿಂದ ಬಹಳ ಕೌನ್ಸಿಲ್‌ಗಳು ಅಲ್ಲಿನ ಲೈಸೆನ್ಸ್ ಮತ್ತು ಕಾರು ಕೇಳುತ್ತವೆ. ಪರೀಕ್ಷೆಯ ದಿನ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಕೋರ್ಸಿಗೆ ಅರ್ಜಿ ಹಾಕಿದ ವಾರವೇ ಪ್ರೊವಿಶನಲ್ ಲೈಸೆನ್ಸ್‌ಗೂ (ಅಲ್ಲಿನ ಕಲಿಯುವವರ ಲೈಸೆನ್ಸ್) ಅರ್ಜಿ ಹಾಕಿಬಿಡಿ.