ಕೆಂಪು ಗುಂಡಿ ಒತ್ತಲು ಕಲಿಸಿದ್ದು: ಒಬ್ಬ ಜಾಬ್ ಕೋಚ್ ಅನುಭವ

ಮೈಸೂರಿನ ಹೋಟೆಲ್‌ಗಳಿಗೆ ಹೋಗಿ, ಬೌದ್ಧಿಕ ಅಸಮರ್ಥತೆ ಇರುವವರಿಗೆ ಕೆಲಸ ಕೊಡ್ತೀರಾ ಅಂತ ಕೇಳಿದರೆ ಸಂಬಳದ ಮಾತು ಕೊನೆಗೆ ಬರುತ್ತದೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಮೇಡಂ ಜವಾಬ್ದಾರಿ?"

ನಾನು ವಿಶೇಷ ಶಾಲೆಯಲ್ಲಿ ಟೀಚರ್ ಆಗಿದ್ದವಳು, ಈಗ ಜಾಬ್ ಕೋಚ್. ಕೆಲಸ ಹುಡುಕಬೇಕು, ಶುರುವಿನ ವಾರಗಳಲ್ಲಿ ಅವರ ಪಕ್ಕದಲ್ಲೇ ನಿಂತು ಕಲಿಸಬೇಕು, ಆಮೇಲೆ ನಿಧಾನಕ್ಕೆ ಹಿಂದೆ ಸರಿಯಬೇಕು. ಇಷ್ಟೇ ನನ್ನ ಉದ್ಯೋಗ. ನಮ್ಮಲ್ಲಿ ಹಳೇ ಪದ್ಧತಿ ಬೇರೆ ಇತ್ತು. ಶಾಲೆ ಮುಗಿದವರನ್ನು ತರಬೇತಿ ಕೇಂದ್ರಕ್ಕೆ ಸೇರಿಸಿ ವರ್ಷಗಟ್ಟಲೆ ಪೇಪರ್ ಕವರ್, ಮೇಣದ ಬತ್ತಿ, ಅಗರಬತ್ತಿ ಮಾಡಿಸೋದು. 'ಇನ್ನೂ ರೆಡಿ ಇಲ್ಲ' ಅಂತಲೇ ಹೇಳುತ್ತಾ ಅವರಿಗೆ ನಲವತ್ತಾಗಿಬಿಡುತ್ತದೆ. ನಾನು ಮೊದಲು ಕೆಲಸಕ್ಕೆ ಸೇರಿಸಿ ಅಲ್ಲೇ ಕಲಿಸುತ್ತೇನೆ. ಸುರಕ್ಷತೆಯನ್ನಂತೂ ತರಗತಿಯಲ್ಲಿ ಕಲಿಸೋಕೆ ಆಗೋದೇ ಇಲ್ಲ. ಚಿತ್ರದಲ್ಲಿರುವ ಇಸ್ತ್ರಿ ಪೆಟ್ಟಿಗೆ ಯಾರನ್ನೂ ಸುಡೋದಿಲ್ಲ, ಅಲ್ವಾ?

ಜವಾಬ್ದಾರಿಯ ಪ್ರಶ್ನೆಗೆ ನನ್ನ ಉತ್ತರ: ಬೇರೆ ಕೆಲಸಗಾರರಿಗೆ ಯಾರು ಜವಾಬ್ದಾರಿಯೋ ಇವರಿಗೂ ಅವರೇ. ಅದಕ್ಕೇ ಇವರ ಹೆಸರು ಹಾಜರಿ ಪುಸ್ತಕದಲ್ಲಿ ಇರಬೇಕು. ಕೆಲವು ಕಡೆ 'ಸ್ಟೈಪೆಂಡ್' ಅಂತ ಕೈಗೆ ಸ್ವಲ್ಪ ದುಡ್ಡು ಕೊಟ್ಟು ಇಟ್ಟುಕೊಳ್ಳುತ್ತಾರೆ. ಒಳ್ಳೇ ಮನಸ್ಸಿನಿಂದಲೇ ಮಾಡುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಕೈ ಸುಟ್ಟುಕೊಂಡ ದಿನ ಅವರು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ) ಸೌಲಭ್ಯಕ್ಕೆ ಮಾಮೂಲಿ ಕೆಲಸಗಾರರಿಗೆ ತಿಂಗಳ ಸಂಬಳದ ಮಿತಿ 21,000 ರೂಪಾಯಿ. ಅಂಗವಿಕಲರಿಗೆ 25,000. ಕೆಲಸದಲ್ಲಿ ಪೆಟ್ಟಾಗಿ ಮನೆಯಲ್ಲಿ ಕೂತರೆ ಸಂಬಳದ ಶೇ. 90ರಷ್ಟು ಬರುತ್ತದೆ. ಇದನ್ನು ಎಚ್‌ಆರ್‌ನವರ ಮುಂದೆ ಇಟ್ಟರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನೂ ನೆನಪಿಸುತ್ತೇನೆ. ಸರ್ಕಾರಿ ಕೆಲಸದ ಶೇ. 4 ಮೀಸಲಾತಿ ಅದರಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಆದರೆ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಬರೆದಿಡಬೇಕು ಅನ್ನೋದು ಗೊತ್ತಿರುವವರು ಕಡಿಮೆ.

ಯಾರನ್ನೇ ಕೆಲಸಕ್ಕೆ ಸೇರಿಸುವ ಮುಂಚೆ ಒಂದು ಇಡೀ ಶಿಫ್ಟ್ ನಾನೊಬ್ಬಳೇ ಅಲ್ಲಿ ನಿಂತು ನೋಡುತ್ತೇನೆ. ಹೋಟೆಲ್ ಲಾಂಡ್ರಿ ಒಂದರ ಕಥೆ ಹೇಳುತ್ತೇನೆ. ಅಲ್ಲಿ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ, ಕಲಿಕೆ ನಿಧಾನವಾಗುವ ಸ್ಥಿತಿ) ಇರುವ ಯುವತಿಯೊಬ್ಬರು ಟವೆಲ್ ಮಡಿಸುವ, ಬೆಡ್‌ಶೀಟ್ ಪ್ರೆಸ್‌ಗೆ ಕೊಡುವ ಕೆಲಸಕ್ಕೆ ಸೇರುವವರಿದ್ದರು. ಬರೆಯುವಾಗ ಹೆಸರು ಹಾಕಲಾ ಅಂತ ಕೇಳಿದೆ. "ಬೇಡ ಮಿಸ್" ಅಂದರು. ಹಾಗಾಗಿ ಹೆಸರಿಲ್ಲ.

ಆ ಲಾಂಡ್ರಿಯಲ್ಲಿ ನಾನು ಮೊದಲು ನೋಡಿದ್ದು ಬಾಟಲಿಗಳನ್ನು. ಕುಡಿಯುವ ನೀರಿನ ಖಾಲಿ ಬಾಟಲಿಗೆ ಬ್ಲೀಚ್ ತುಂಬಿ ಸಿಂಕ್ ಪಕ್ಕ ಇಟ್ಟಿದ್ದರು. ಹತ್ತಿರದಲ್ಲೇ ಟಾಯ್ಲೆಟ್ ತೊಳೆಯುವ ಆಸಿಡ್. ಇವೆರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯಬಹುದು. ಇನ್ನೊಂದು ಮೂಲೆಯಲ್ಲಿ ತುಕ್ಕಿನ ಕಲೆ ತೆಗೆಯುವ ದ್ರಾವಣ. ಇಂಥವುಗಳಲ್ಲಿ ಕೆಲವದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಚರ್ಮಕ್ಕೆ ತಾಗಿದ ಕೂಡಲೇ ಉರಿ ಗೊತ್ತಾಗದೆ ಇರಬಹುದು, ಗೊತ್ತಾಗುವ ಹೊತ್ತಿಗೆ ಒಳಗೆ ಇಳಿದಿರುತ್ತದೆ. ಓದಲು ಬರುವವರಿಗೂ ಬರದವರಿಗೂ ಇದು ಒಂದೇ ಥರ ಅಪಾಯ. ನೀರಿನ ಬಾಟಲಿ ಪೂರ್ತಿ ನಿಲ್ಲಿಸಿದೆವು. ಬಣ್ಣದ ಟೇಪ್ ಸುತ್ತಿದೆವು. ಕೆಂಪು ಟೇಪ್ ಇರುವುದೆಲ್ಲ ಬೀರುವಿನೊಳಗೆ, ಬೀಗದ ಕೈ ಸೂಪರ್‌ವೈಸರ್ ಹತ್ತಿರ.

ಬಟ್ಟೆಯ ಗಂಟನ್ನು ಅಲ್ಲಿ ತಲೆ ಮೇಲೆ ಹೊರುತ್ತಿದ್ದರು. ಡೌನ್ ಸಿಂಡ್ರೋಮ್ ಇರುವ ಕೆಲವರಿಗೆ ಕುತ್ತಿಗೆಯ ಮೇಲಿನ ಮೂಳೆಗಳ ಕೀಲು ಸಡಿಲ ಇರುತ್ತದೆ. ಡಾಕ್ಟರಿಗೆ ತೋರಿಸದೆ ತಲೆ ಮೇಲೆ ಭಾರ ಬೇಡವೇ ಬೇಡ ಅಂದೆ. ತಳ್ಳುವ ಟ್ರಾಲಿ ಬಂತು. ಒಂದು ವಾರದಲ್ಲಿ ಅದು ಎಲ್ಲರ ಟ್ರಾಲಿ ಆಗಿ, ಇವರಿಗೇ ಸಿಗದ ಹಾಗಾಯಿತು. ಇನ್ನೊಂದು ತರಿಸಬೇಕಾಯಿತು.

ಆದರೆ ಆಸಿಡ್, ಯಂತ್ರ, ಭಾರ ಇವೆಲ್ಲ ಕಣ್ಣಿಗೆ ಕಾಣುವ ಅಪಾಯ. ನನ್ನ ಲೆಕ್ಕದಲ್ಲಿ ದೊಡ್ಡ ಅಪಾಯ ಒಂದು ಸಣ್ಣ 'ಹೂಂ'.

ನಮ್ಮವರನ್ನು ಚಿಕ್ಕಂದಿನಿಂದ ಹೇಳಿದ ಮಾತು ಕೇಳೋಕೆ ಬೆಳೆಸಿರುತ್ತಾರೆ. ಕೇಳಿದರೆ ಶಹಭಾಸ್, ಕೇಳದಿದ್ದರೆ 'ಹಟ'. ಮನೆಯಲ್ಲೂ ಹಾಗೇ, ಶಾಲೆಯಲ್ಲೂ ಹಾಗೇ. ಹಾಗಾಗಿ "ಅರ್ಥ ಆಯ್ತಾ?" ಅಂದರೆ ಹೂಂ. "ನೋವಿದೆಯಾ?" ಹೂಂ. "ನೋವಿಲ್ಲ ತಾನೇ?" ಅದಕ್ಕೂ ಹೂಂ. ಸೂಪರ್‌ವೈಸರ್ ನಂಬಲಿಲ್ಲ. ಅವರ ಮುಂದೆಯೇ ಆ ಯುವತಿಯನ್ನು ಕೇಳಿದೆ: "ಈ ಮಷಿನ್ ಬಿಚ್ಚಿ ರಿಪೇರಿ ಮಾಡ್ತೀರಾ?" ನಗುತ್ತಾ ಹೂಂ ಅಂದರು. ಸೂಪರ್‌ವೈಸರ್ ಮುಖ ನೋಡಬೇಕಿತ್ತು.

ಎರಡು ಆಯ್ಕೆ ಕೊಟ್ಟರೂ ಎಚ್ಚರ ಬೇಕು. "ಬಿಸಿನಾ, ತಣ್ಣಗಿದೆಯಾ?" ಅಂದರೆ ಕೊನೆಯಲ್ಲಿ ಕೇಳಿಸಿದ್ದನ್ನೇ ಹಿಡಿದು "ತಣ್ಣಗಿದೆ" ಅನ್ನುತ್ತಾರೆ. ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿ, ಉತ್ತರವೂ ತಿರುಗಿದರೆ ಅದು ಉತ್ತರವಲ್ಲ. ಅದಕ್ಕೇ ಲಾಂಡ್ರಿಯವರಿಗೆಲ್ಲ ಒಂದೇ ನಿಯಮ ಹೇಳಿಕೊಟ್ಟೆ: 'ಅರ್ಥ ಆಯ್ತಾ' ಬಿಡಿ, 'ಮಾಡಿ ತೋರಿಸಿ' ಅನ್ನಿ.

ಆಮೇಲೆ ಕೆಂಪು ಗುಂಡಿ. ಬೆಡ್‌ಶೀಟ್ ಪ್ರೆಸ್ ಮಾಡುವ ರೋಲರ್ ಯಂತ್ರಕ್ಕೆ ಬೆರಳು ಹತ್ತಿರ ಹೋದರೆ ತಡೆಯುವ ಪಟ್ಟಿ ಇರುತ್ತದೆ, ಪಕ್ಕದಲ್ಲಿ ತುರ್ತು ನಿಲುಗಡೆಯ ದಪ್ಪ ಕೆಂಪು ಗುಂಡಿ. ಎಷ್ಟೋ ವರ್ಷದಿಂದ ಅಲ್ಲಿರುವ ಕೆಲಸಗಾರರನ್ನು ಕೇಳಿದೆ, ಇದನ್ನ ಯಾವಾಗ ಒತ್ತಿದ್ರಿ ಅಂತ. ಯಾರೂ ಮುಟ್ಟಿಯೇ ಇರಲಿಲ್ಲ. "ಒತ್ತಿದ್ರೆ ಬೈತಾರೆ ಮೇಡಂ, ಪ್ರೊಡಕ್ಷನ್ ನಿಲ್ಲುತ್ತೆ." ಬುದ್ಧಿ ಚುರುಕಿರುವವರೇ ಹೆದರುವ ಗುಂಡಿ, ಹೇಳಿದ್ದಕ್ಕೆಲ್ಲ ಹೂಂ ಅನ್ನುವವರು ಒತ್ತುತ್ತಾರಾ?

ಹಾಗಾಗಿ ಒತ್ತುವುದನ್ನೇ ದಿನದ ಕೆಲಸ ಮಾಡಿದೆವು. ಶಿಫ್ಟ್ ಶುರುವಾಗುವಾಗ, ಬಟ್ಟೆ ಹಾಕುವ ಮುಂಚೆ, ಯಂತ್ರ ಆನ್. ನಾನು ಒಂದು ಹಳೇ ಟವೆಲ್ ಸೊಟ್ಟಗೆ ಕೊಡುತ್ತಿದ್ದೆ. ಅದು ಸಿಕ್ಕಿಕೊಂಡ ಕೂಡಲೇ ಅವರು ಅಂಗೈ ಪೂರ್ತಿ ಬಿಡಿಸಿ ಗುಂಡಿಗೆ ಹೊಡೆಯಬೇಕು, ಜೋರಾಗಿ "ನಿಲ್ಸಿ!" ಅನ್ನಬೇಕು, ಎರಡು ಹೆಜ್ಜೆ ಹಿಂದೆ ಬರಬೇಕು. ಮೊದಮೊದಲು ಒಂದು ಬೆರಳಲ್ಲಿ ಮೆತ್ತಗೆ ಮುಟ್ಟಿ ನನ್ನ ಮುಖ ನೋಡುತ್ತಿದ್ದರು, ಒತ್ತಲಾ ಅನ್ನುವ ಹಾಗೆ. ನಾನು ಬೇಕಂತಲೇ ಬೇರೆ ಕಡೆ ನೋಡಲು ಶುರು ಮಾಡಿದೆ. ಕೈ ಹಿಡಿದು ತೋರಿಸೋದು, ಆಮೇಲೆ ಬರೀ ಸನ್ನೆ, ಆಮೇಲೆ ಅದೂ ಇಲ್ಲ. ಸಹಾಯ ಹೀಗೇ ಕಮ್ಮಿ ಆಗಬೇಕು. ಯಂತ್ರ ನಿಂತಾಗ ಸೂಪರ್‌ವೈಸರ್ ಬಂದು "ಸರಿ ಮಾಡಿದ್ರಿ" ಅನ್ನಬೇಕು ಅಂತ ಮಾತಾಗಿತ್ತು. ನಾನು ಹೊಗಳಿದರೆ ಪ್ರಯೋಜನ ಇಲ್ಲ, ಬೈಯುವ ಅಧಿಕಾರ ಇರುವವರೇ ಹೊಗಳಬೇಕು. ಕೊನೆಗೆ ಒಂದು ದಿನ ನಾನು ಇಲ್ಲದಾಗ, ಜೊತೆಗಿದ್ದ ಅಕ್ಕನ ಸೆರಗು ರೋಲರ್ ಕಡೆ ಜಾರಿದ್ದನ್ನು ನೋಡಿ ಗುಂಡಿ ಒತ್ತಿಬಿಟ್ಟಿದ್ದರು. ಸೆರಗು ಇನ್ನೂ ತಾಗಿರಲಿಲ್ಲ. "ಸುಮ್ನೆ ನಿಲ್ಸಿದ್ಲು" ಅಂತ ಒಬ್ಬರು ಗೊಣಗಿದರಂತೆ. ಸೂಪರ್‌ವೈಸರ್ "ಸರಿ ಮಾಡಿದ್ರಿ" ಅಂದರಂತೆ. ಅದಾದ ಮೇಲೆ ಲಾಂಡ್ರಿಯಲ್ಲಿ ಸೀರೆ ಮೇಲೆ ಏಪ್ರನ್ ಕಡ್ಡಾಯ ಆಯಿತು.

ಅದೇ ಜಾಗದಲ್ಲಿ ಇಸ್ತ್ರಿ ವಿಭಾಗದಲ್ಲಿದ್ದ, ಬೌದ್ಧಿಕ ಅಸಮರ್ಥತೆ ಇರುವ ಯುವಕರೊಬ್ಬರು ಮುಂಗೈ ಸುಟ್ಟುಕೊಂಡು ಶಿಫ್ಟ್ ಮುಗಿಯುವವರೆಗೂ ಕೆಲಸ ಮಾಡಿದ್ದರು. ಮನೆಗೆ ಹೋದ ಮೇಲೆ ತೋಳು ಎತ್ತಿದಾಗ ಅಮ್ಮನಿಗೆ ಗೊತ್ತಾಗಿದ್ದು. ನೋವು ಆಗಲ್ಲ ಅಂತಲ್ಲ, ಹೇಳಿದರೆ ಕೆಲಸ ಹೋಗುತ್ತೆ ಅಂದುಕೊಂಡಿದ್ದರು. ಈಗ ಶಿಫ್ಟ್ ಮುಗಿಯುವಾಗ ಎಲ್ಲರೂ ಕೈ ತೋರಿಸಿ ಸಹಿ ಹಾಕುತ್ತಾರೆ. ಎಲ್ಲರೂ ಅನ್ನೋದು ಮುಖ್ಯ. ಇವರೊಬ್ಬರನ್ನೇ ನಿಲ್ಲಿಸಿ ಕೈ ನೋಡಿದರೆ ಅದು ಅವಮಾನ.

ಆ ಯುವಕರಿಗೆ ಫಿಟ್ಸ್ ಕೂಡ ಇದೆ. ಬೌದ್ಧಿಕ ಅಸಮರ್ಥತೆ ಇರುವವರಲ್ಲಿ ಇದು ಉಳಿದವರಿಗಿಂತ ಜಾಸ್ತಿ. ಮುಚ್ಚಿಟ್ಟು ಸೇರಿಸಿ ಅಂತ ಮನೆಯವರು ಕೇಳುತ್ತಾರೆ, ನಾನು ಒಪ್ಪುವುದಿಲ್ಲ. ಹಾಗಂತ ಎಲ್ಲರಿಗೂ ಡಂಗುರ ಸಾರುವುದೂ ಬೇಡ. ಅವರ ಒಪ್ಪಿಗೆ ಪಡೆದು ಸೂಪರ್‌ವೈಸರ್‌ಗೂ ಪಕ್ಕದ ಇಬ್ಬರಿಗೂ ಹೇಳಿದೆ: ಒಂದು ಪಕ್ಕಕ್ಕೆ ಮಲಗಿಸಿ, ಸುತ್ತಲಿನ ಸಾಮಾನು ಸರಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆ. ಕೈಗೆ ಬೀಗದ ಕೈ ಕೊಡಬೇಡಿ, ಬಾಯಿಗೆ ಚಮಚ ಹಾಕಬೇಡಿ, ನೀರು ಕುಡಿಸಬೇಡಿ. ಬೀಗದ ಕೈ ವಿಷಯದಲ್ಲಿ ವಾದ ಇನ್ನೂ ಮುಗಿದಿಲ್ಲ.

ನಿದ್ದೆಗೆಟ್ಟರೆ ಫಿಟ್ಸ್ ಬರುವುದು ಜಾಸ್ತಿ. ಮೈಸೂರಿನ ಹೋಟೆಲ್‌ಗಳಲ್ಲಿ ದಸರಾ ಅಂದರೆ ಡಬಲ್ ಶಿಫ್ಟ್. ಸೇರುವಾಗಲೇ 'ರಾತ್ರಿ ಪಾಳಿ ಇಲ್ಲ' ಅಂತ ಬರೆಸಿಕೊಳ್ಳುತ್ತೇನೆ, ಯಾಕೆಂದರೆ ಆ ಗದ್ದಲದಲ್ಲಿ ಬಾಯಿಮಾತು ಯಾರಿಗೂ ನೆನಪಿರುವುದಿಲ್ಲ. ಜಂಬೂಸವಾರಿಯ ದಿನ ಬಸ್ ದಾರಿಗಳೂ ಬದಲಾಗುತ್ತವೆ. ದಿನಾ ಇಳಿಯುವ ಸ್ಟಾಪ್ ಬರದಿದ್ದರೆ ಏನು ಮಾಡಬೇಕು ಅನ್ನುವುದನ್ನು ಹಿಂದಿನ ತಿಂಗಳೇ ಅಭ್ಯಾಸ ಮಾಡಿಸಬೇಕು: ಇಳಿಯಬೇಡಿ, ಕಂಡಕ್ಟರ್‌ಗೆ ಕಾರ್ಡ್ ತೋರಿಸಿ, ಫೋನಿನಲ್ಲಿ ಮೊದಲ ನಂಬರ್ ಒತ್ತಿ.

ಇನ್ನು ಮನುಷ್ಯರಿಂದ ಆಗುವ ತೊಂದರೆ. ತಮ್ಮ ಕೆಲಸ ಇವರ ತಲೆಗೆ ಕಟ್ಟುವುದು, ಸಂಬಳದ ದಿನ ನೂರಿನ್ನೂರು ಇಸಿದುಕೊಳ್ಳುವುದು, ತಮಾಷೆಗೆ ಕುಣಿಸುವುದು. ಇದಕ್ಕೆಲ್ಲ ಮೂಲ 'ಇವರು ಮಗು ಥರ' ಅನ್ನುವ ಮಾತು. ಅದಕ್ಕೇ ಕೆಲಸದ ಜಾಗದಲ್ಲಿ ನಾನು ಹೆಸರು ಹಿಡಿದು 'ಬನ್ನಿ, ಹೋಗಿ' ಅಂತಲೇ ಮಾತಾಡುತ್ತೇನೆ. ಉಳಿದವರು ನನ್ನನ್ನು ನೋಡಿ ಕಲಿಯುತ್ತಾರೆ. ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಇದೆಯಾ, ಟಾಯ್ಲೆಟ್ ಎಲ್ಲಿದೆ, ದಾರಿಯಲ್ಲಿ ಬೆಳಕಿದೆಯಾ ಅಂತ ಮೊದಲ ದಿನವೇ ನೋಡುತ್ತೇನೆ. ಯಾರು ಮುಟ್ಟಿದರೂ "ಬೇಡ" ಅಂತ ಜೋರಾಗಿ ಹೇಳುವುದು, ಹೇಳಿದ ಮೇಲೆ ನಂಬಿಕೆಯ ಅಕ್ಕನ ಹತ್ತಿರ ಹೋಗುವುದು, ಇದಕ್ಕೂ ಕೆಂಪು ಗುಂಡಿಯಷ್ಟೇ ಅಭ್ಯಾಸ ಬೇಕು. ಲೈಂಗಿಕ ಕಿರುಕುಳ ಆದರೆ, 10 ಜನಕ್ಕಿಂತ ಕಡಿಮೆ ಕೆಲಸಗಾರರು ಇರುವ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಉಳಿದ ಕಡೆ ಆಂತರಿಕ ಸಮಿತಿ ಇರಲೇಬೇಕು. 2013ರ ಲೈಂಗಿಕ ಕಿರುಕುಳ ತಡೆ ನಿಯಮಗಳಲ್ಲಿ ಇನ್ನೊಂದು ಮಾತಿದೆ: ಮಾನಸಿಕ ಅಸಮರ್ಥತೆಯಿಂದ ಮಹಿಳೆ ತಾನೇ ದೂರು ಕೊಡಲಾಗದಿದ್ದರೆ ಅವರ ಪರವಾಗಿ ಸಂಬಂಧಿಕರು, ಗೆಳೆಯರು, ವಿಶೇಷ ಶಿಕ್ಷಕರು ಕೊಡಬಹುದು. ಈ ಸಾಲನ್ನು ನಾನು ಕೆಲಸದ ಜಾಗದವರಿಗೆ ಓದಿ ಹೇಳುತ್ತೇನೆ. ಒಂದು ಕಡೆ ಅದನ್ನು ಕೇಳಿದ ಮೇಲೆ 'ನಮಗೆ ಆಗಲ್ಲ ಬಿಡಿ' ಅಂದರು. ಅಲ್ಲಿಗೆ ಯಾರನ್ನೂ ಕಳಿಸದೆ ಇದ್ದದ್ದೇ ಒಳ್ಳೆಯದಾಯಿತು.

ಮನೆಯವರ ಜೊತೆಗಿನ ಮಾತುಕತೆಗೆ ಬೇರೆಯೇ ಲೇಖನ ಬೇಕು. ಸಂಬಳ ಶುರುವಾದರೆ ಸರ್ಕಾರ ಕೊಡುವ ಅಂಗವಿಕಲರ ಮಾಸಾಶನ ನಿಲ್ಲುತ್ತಾ ಅನ್ನುವ ಭಯ ಸುಳ್ಳಲ್ಲ, ಅದಕ್ಕೆ ಕುಟುಂಬದ ಆದಾಯದ ಮಿತಿ ಇದೆ. ಲೆಕ್ಕ ಹಾಕಿಯೇ ನಿರ್ಧರಿಸಲಿ ಅನ್ನುತ್ತೇನೆ.

ಲಾಂಡ್ರಿಯಲ್ಲಿ ನನಗೆ ಈಗ ಹೆಚ್ಚು ಕೆಲಸವಿಲ್ಲ, ತಿಂಗಳಿಗೊಮ್ಮೆ ಹೋದರೆ ಸಾಕು. ಆದರೆ ಹೋಟೆಲ್‌ಗಳಲ್ಲಿ ಸೂಪರ್‌ವೈಸರ್‌ಗಳು ಬಹಳ ಬೇಗ ಬದಲಾಗುತ್ತಾರೆ. ಹೊಸಬರಿಗೆ ಟೇಪಿನ ಬಣ್ಣ ಗೊತ್ತಿರುವುದಿಲ್ಲ, ಬೆಳಗಿನ ಗುಂಡಿ ಅಭ್ಯಾಸ 'ಟೈಮ್ ವೇಸ್ಟ್' ಅನ್ನಿಸುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಯಂತ್ರದ ಪಕ್ಕ ಅಂಟಿಸಿದ್ದೇವೆ. ಫಿಟ್ಸ್ ವಿಷಯ ಮಾತ್ರ ಆ ಹಾಳೆಯಲ್ಲಿ ಇಲ್ಲ, ಅದು ಎಚ್‌ಆರ್ ಫೈಲಿನಲ್ಲಿದೆ. ಸೂಪರ್‌ವೈಸರ್ ಬದಲಾದ ವಾರ ಫೋನ್ ಮಾಡಿ ಅಂತ ಅಕ್ಕನಿಗೆ ಹೇಳಿಟ್ಟಿದ್ದೇನೆ. ಆ ವಾರ ಪೂರ್ತಿ ನಾನು ಮತ್ತೆ ಬೆಳಗಿನ ಶಿಫ್ಟ್‌ಗೆ ಹೋಗುತ್ತೇನೆ, ಹೊಸಬರ ಪಕ್ಕ ನಿಲ್ಲಲು.